ಒಂಬತ್ತನೇ ಮೇಜಿನ ಎದುರು ಕುರ್ಚಿ

ಬೆಳಗಿನ ಐದೂಮುಕ್ಕಾಲು. ಬೀದಿ ಗುಡಿಸುವವರು ಆಗಷ್ಟೇ ಮೂಲೆ ತಿರುಗಿದ್ದಾರೆ. ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದ ಮನುಷ್ಯ ದೀಪ ಹಾಕುವುದಿಲ್ಲ. ಮೇಜುಗಳ ಮೇಲೆ ತಲೆಕೆಳಗಾಗಿ ಮಲಗಿರುವ ಕುರ್ಚಿಗಳನ್ನು ಒಂದೊಂದಾಗಿ ಇಳಿಸುತ್ತಾರೆ. ನೆಲ ಒರೆಸುತ್ತಾರೆ. ಆಮೇಲೆ ಮೊದಲ ಕುರ್ಚಿಯಲ್ಲಿ ಹೋಗಿ ಕೂರುತ್ತಾರೆ.

ದಣಿದು ಕೂತದ್ದಲ್ಲ. ಎರಡೂ ಕೈ ಮೇಜಿನ ಮೇಲಿಟ್ಟು, ಊಟಕ್ಕೆ ಬಂದ ಗಿರಾಕಿಯ ಹಾಗೆ ಎದುರಿಗೆ ನೋಡುತ್ತಾರೆ, ಮೇಲೆ ನೋಡುತ್ತಾರೆ, ಏಳುತ್ತಾರೆ. ಪಕ್ಕದ ಕುರ್ಚಿ. ಮತ್ತೆ ಅದೇ. ಮೂರನೇ ಮೇಜು ಕುಂಟುತ್ತಿದೆ. ಜೇಬಿನಿಂದ ಮಡಿಸಿದ ರಟ್ಟಿನ ತುಂಡು ತೆಗೆದು ಕಾಲಿನಡಿ ಸಿಕ್ಕಿಸುತ್ತಾರೆ. ಐದನೇ ಮೇಜಿನ ಕುರ್ಚಿಯಲ್ಲಿ ಕೂತರೆ ಮಧ್ಯಾಹ್ನದ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಅದನ್ನು ಒಂದು ಗೇಣು ಸರಿಸುತ್ತಾರೆ. ಹೀಗೆ ಹನ್ನೆರಡು ಮೇಜು, ನಲವತ್ನಾಲ್ಕು ಕುರ್ಚಿ. ಎಲ್ಲ ಮುಗಿಯಲು ಮುಕ್ಕಾಲು ಗಂಟೆ ಬೇಕು.

"ಬಡಿಸೋನಿಗೆ ಗಿರಾಕಿ ಕಾಣ್ತಾನೆ. ಗಿರಾಕಿಗೆ ಏನು ಕಾಣುತ್ತೆ ಅಂತಾನೂ ಒಂದ್ಸಲ ನೋಡಬೇಕಲ್ಲ" ಎನ್ನುತ್ತಾರೆ ಅವರು. "ಊಟ ಎಷ್ಟೇ ಚೆನ್ನಾಗಿರಲಿ, ಎದುರಿಗೆ ಕಕ್ಕಸಿನ ಬಾಗಿಲು ಕಾಣ್ತಿದ್ರೆ ಯಾರಿಗೆ ಗಂಟಲಲ್ಲಿ ಇಳಿಯುತ್ತೆ?"

ಮಧ್ಯಾಹ್ನ ಊಟದ ಹೋಟೆಲು, ಸಂಜೆಯಾದರೆ ಬಿಯರ್ ಸಿಗುವ ಪಬ್ಬು. ಬೀದಿ ಕೊನೆಯ ಈ ಒಂದೇ ಹಜಾರದಲ್ಲಿ ಅವರು ಮೂವತ್ತೆರಡು ವರ್ಷದಿಂದ ಇದ್ದಾರೆ. ಮೊದಲ ಮೂರು ವರ್ಷ ಲೋಟ ತೊಳೆದರು, ಉಳಿದದ್ದೆಲ್ಲ ಬಡಿಸಿದರು. ಈಗ ಅರವತ್ತಮೂರು. ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿದೆ, ಕರೆಯುವ ಹೆಸರು ಕುರ್ಚಿಯಣ್ಣ. ಹಾಗೆಂದು ಹೆಸರಿಟ್ಟದ್ದು ಅಡುಗೆಯಕ್ಕ.

"ಕುರ್ಚಿಗೆ ಅಂಟಿಕೊಂಡೋರನ್ನ ಬೇಕಾದಷ್ಟು ನೋಡಿದ್ದೀವಿ. ದಿನಾ ನಲವತ್ನಾಲ್ಕು ಕುರ್ಚಿ ಬಿಟ್ಟು ಏಳೋನು ಇವನೊಬ್ಬನೇ" ಎಂದು ಆಕೆ ಅಡುಗೆಮನೆಯ ಕಿಂಡಿಯಿಂದಲೇ ಚುಚ್ಚುತ್ತಾರೆ. "ಬೇಯಿಸೋಳು ನಾನು, ಬೆವರು ಸುರಿಸೋಳು ನಾನು. ಹೊಗಳಿಕೆ ಮಾತ್ರ ಇವನಿಗೆ."

"ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಅಂತ ಗಾದೆ ಇದೆ. ನಾನು ಕಟ್ಟಿದ್ದಲ್ಲ ಕಣಕ್ಕ."

"ಬಡಿಸಿದವಳು ಅಂತಿದೆ. ನೀನು ಸೀರೆ ಉಟ್ಕೊಂಡು ಬಾ, ಒಪ್ಕೋತೀನಿ."

ಕುರ್ಚಿಯಣ್ಣ ಮದುವೆಯಾಗಲಿಲ್ಲ. ಊಟದ ಹೊತ್ತಿಗೆ ಎಂದೂ ಮನೆಯಲ್ಲಿರದವನಿಗೆ ಹೆಣ್ಣು ಯಾರು ಕೊಡುತ್ತಾರೆ ಎಂದು ಅವರೇ ನಗುತ್ತಾರೆ. ತಾಯಿ ಬೇಗ ಹೋದರು, ಸಾಕಿದವಳು ಅಕ್ಕ. ಆಕೆ ಈಗ ದೂರದಲ್ಲಿ ಮಗಳ ಮನೆಯಲ್ಲಿದ್ದಾರೆ. ಬಾಡಿಗೆ ಕೋಣೆಯಲ್ಲಿ ಕುರ್ಚಿಯಣ್ಣನಿಗೆ ಒಂದು ಮಂಚ, ಒಂದು ಗಡಿಯಾರ, ಬಾತ ಕಾಲು ಎತ್ತಿಡಲು ಒಂದು ಮಣೆ. ಕುರ್ಚಿ ಇಲ್ಲ. ಮಧ್ಯಾಹ್ನದ ಗದ್ದಲ ಮುಗಿದು ಹಜಾರ ಖಾಲಿ ಹೊಡೆಯುವ ನಾಲ್ಕು ಗಂಟೆಗೆ ಅಕ್ಕನ ಫೋನು ಬರುತ್ತದೆ.

"ಊಟ ಆಯ್ತೇನೋ?"

"ಆಯ್ತಕ್ಕ."

"ಕೂತ್ಕೊಂಡು ತಿಂದ್ಯಾ, ನಿಂತ್ಕೊಂಡಾ?"

ಇದರ ಉತ್ತರಕ್ಕೆ ಅಕ್ಕ ಕಾಯುವುದಿಲ್ಲ, ಮಳೆಯ ವಿಷಯಕ್ಕೆ ಹೋಗುತ್ತಾರೆ.

ಈ ಹೋಟೆಲಿಗೆ ವಾರದ ದಿನಗಳಲ್ಲಿ ಒಬ್ಬಂಟಿಯಾಗಿ ಊಟಕ್ಕೆ ಬರುವವರು ಹದಿನೆಂಟು ಇಪ್ಪತ್ತು ಮಂದಿ. ಭಾನುವಾರ ನಾಲ್ಕೋ ಐದೋ. "ಭಾನುವಾರ ಒಬ್ಬರೇ ಬಂದೋರು ಬೇಗ ಬೇಗ ತಿಂದು ಎದ್ದು ಹೋಗ್ತಾರೆ. ಸುತ್ತ ಎಲ್ಲ ಸಂಸಾರಗಳೇ ಇರ್ತಾವಲ್ಲ" ಎನ್ನುವ ಕುರ್ಚಿಯಣ್ಣನಿಗೆ ಅಂಥವರ ಒಂದೊಂದು ಚರ್ಯೆಯೂ ಗೊತ್ತು. ಬಾಯಿಪಾಠವಾದ ಊಟದ ಪಟ್ಟಿಯನ್ನೇ ಮೂರು ಸಲ ಓದುತ್ತಾರೆ. ಉಪ್ಪಿನ ಡಬ್ಬಿಗೆ ಫೋನು ಒರಗಿಸಿಕೊಳ್ಳುತ್ತಾರೆ. ಎದುರಿನ ಕುರ್ಚಿಯಲ್ಲಿ ಚೀಲ ಇಡುತ್ತಾರೆ, ಆಗಾಗ ಅದನ್ನು ನೇರ ಮಾಡುತ್ತಾರೆ.

ಅವರಿಗೆ ಕುರ್ಚಿಯಣ್ಣ ಲೋಟದ ತುಂಬ ನೀರು ಹಾಕುವುದಿಲ್ಲ. ಅರ್ಧ ಮಾತ್ರ. ಹೊಸಬರು ಇದನ್ನು ಜಿಪುಣತನವೆಂದುಕೊಳ್ಳುತ್ತಾರೆ. "ಅರ್ಧ ಹಾಕಿದ್ರೆ ಬೇಗ ಖಾಲಿ ಆಗುತ್ತೆ. ಮತ್ತೆ ಹೋಗಬಹುದು. ನೀರಿನ ನೆವದಲ್ಲಿ ಒಂದು ಮಾತು ಆಡಬಹುದು. ಸೂಪು ಬಿಸಿ ಇದೆಯಾ, ಹೊರಗೆ ಗಾಳಿ ಜೋರಿದೆಯಾ, ಅಷ್ಟೇ. ಕೆಲವರಿಗೆ ಅವತ್ತೆಲ್ಲಾ ಅದೊಂದೇ ಮಾತು."

ಇಷ್ಟು ಬಲ್ಲ ಮನುಷ್ಯನೂ ಒಂದು ದಿನ ತಪ್ಪಿದರು. ಅದನ್ನು ಹೇಳುವಾಗ ಕೈಯಲ್ಲಿದ್ದ ಬಟ್ಟೆಯಿಂದ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾರೆ.

ಗೋಡೆಯುದ್ದಕ್ಕೂ ಇಬ್ಬಿಬ್ಬರು ಕೂರುವ ನಾಲ್ಕು ಪುಟ್ಟ ಮೇಜುಗಳಿವೆ. ಕಿಟಕಿಯ ಪಕ್ಕದ್ದು ಒಂಬತ್ತನೇ ಮೇಜು. ಹದಿನಾರು ವರ್ಷ, ಪ್ರತಿ ಗುರುವಾರ ಹನ್ನೆರಡೂವರೆಗೆ, ನಿವೃತ್ತ ಬಸ್ ಡ್ರೈವರ್ ಒಬ್ಬರು ಹೆಂಡತಿಯ ಜೊತೆ ಅಲ್ಲಿಗೆ ಬರುತ್ತಿದ್ದರು. ಆಕೆ ಗೋಡೆಗೆ ಬೆನ್ನು ಕೊಟ್ಟು ಕೂರುವರು, ಆತ ಎದುರಿಗೆ. ಆಕೆಗೆ ಮೆಣಸಿನ ಪುಡಿ ಆಗದು. ಆತ ಬ್ರೆಡ್ಡಿನ ಗಟ್ಟಿ ಅಂಚು ಕಿತ್ತು ಆಕೆಯ ತಟ್ಟೆಗೆ ಹಾಕುವರು, ಆಕೆಗೆ ಅದೇ ಇಷ್ಟ. ಆಮೇಲೆ ಏಳು ವಾರ ಇಬ್ಬರೂ ಬರಲಿಲ್ಲ. ಎಂಟನೇ ಗುರುವಾರ ಡ್ರೈವರ್ ಒಬ್ಬರೇ ಬಂದು ತಮ್ಮ ಜಾಗದಲ್ಲಿ ಕೂತರು.

ಅಂದು ಗದ್ದಲ. ಪಕ್ಕದಲ್ಲಿ ಐವರು ಬಂದು ನಾಲ್ಕೇ ಕುರ್ಚಿಯ ಮೇಜಿಗೆ ಕೂತಿದ್ದರು. ಒಬ್ಬರೇ ಬಂದವರಿಗೆ ಮೇಜು ಬಿಡುವಾಗಿರಲಿ ಎಂದು ಎರಡನೇ ತಟ್ಟೆ ಲೋಟ ಎತ್ತುವುದು ಎಲ್ಲ ಹೋಟೆಲಿನ ಪದ್ಧತಿ. ಕುರ್ಚಿಯಣ್ಣ ಅದನ್ನೇ ಮಾಡಿದರು. ಅದೇ ಕೈಯಲ್ಲಿ ಗೋಡೆ ಕಡೆಯ ಕುರ್ಚಿಯನ್ನೂ ಎತ್ತಿ ಪಕ್ಕದವರಿಗೆ ಕೊಟ್ಟರು. ಸೂಪು ಹಿಡಿದು ತಿರುಗಿ ಬರುವಷ್ಟರಲ್ಲಿ ಡ್ರೈವರ್ ಎದ್ದು ನಿಂತಿದ್ದರು, ಕುರ್ಚಿ ಇದ್ದ ಖಾಲಿ ಜಾಗವನ್ನು ನೋಡುತ್ತ.

"'ಬೇಡ ಬಿಡಪ್ಪ, ಇವತ್ತು ಹಸಿವಿಲ್ಲ' ಅಂದ್ರು. ಬೈಲಿಲ್ಲ. ಬೈದಿದ್ರೆ ಎಷ್ಟೋ ವಾಸಿಯಾಗ್ತಿತ್ತು. ಆಯಮ್ಮ ತೀರ್ಕೊಂಡಿದ್ದು ನನಗೆ ಗೊತ್ತಾಗಿದ್ದು ಮಾರನೇ ವಾರ, ಇನ್ನೊಬ್ಬ ಡ್ರೈವರ್ ಹೇಳಿದ ಮೇಲೆ. ಅವನಿಗೂ ಇವರ ಮನೆ ಗೊತ್ತಿಲ್ಲ. ಹದಿನಾರು ವರ್ಷ ಬಡಿಸಿದೆ, ಒಂದಿನ ಹೆಸರು ಕೇಳಲಿಲ್ಲ ನೋಡಿ."

ಇದಾಗಿ ಹನ್ನೊಂದು ತಿಂಗಳು. ಡ್ರೈವರ್ ಮತ್ತೆ ಬಂದಿಲ್ಲ. ಅಂದಿನಿಂದ ಕುರ್ಚಿಯಣ್ಣ ಒಬ್ಬರೇ ಬಂದವರ ಎದುರು ಕುರ್ಚಿಯನ್ನು ಮುಟ್ಟುವುದಿಲ್ಲ. ಎಲ್ಲಾದರೂ ಕುರ್ಚಿ ಸಾಲದೆ ಬಂದರೆ ಅಡುಗೆಮನೆಯಲ್ಲಿ ತಾವು ದಣಿವಾರಿಸಿಕೊಳ್ಳುವ ಸ್ಟೂಲನ್ನೇ ತಂದು ಕೊಡುತ್ತಾರೆ. ಗುರುವಾರ ಹನ್ನೆರಡೂವರೆಯಿಂದ ಒಂದೂವರೆಯ ತನಕ ಒಂಬತ್ತನೇ ಮೇಜಿಗೆ ಯಾರನ್ನೂ ಕೂರಿಸುವುದಿಲ್ಲ. ಎರಡು ತಟ್ಟೆ, ಎರಡು ಲೋಟ ಇಟ್ಟು ಬೇರೆ ಮೇಜುಗಳ ಕಡೆ ಹೋಗುತ್ತಾರೆ. ಬಾಗಿಲ ಗಂಟೆ ಕಿಣಿ ಎಂದಾಗಲೆಲ್ಲ ಅವರು ಅತ್ತ ತಿರುಗಿ ನೋಡುತ್ತಾರೆ.

ಅಂಥ ಮೇಜನ್ನೇ ತೆಗೆಯುವ ಮಾತು ಕಳೆದ ತಿಂಗಳು ಬಂತು. ಮಾಲೀಕರಿಗೆ ವಯಸ್ಸಾಗಿದೆ, ವ್ಯವಹಾರ ಸೊಸೆಯ ಕೈಗೆ ಬಂದಿದೆ. ಆಕೆ ಅಳತೆಯ ಟೇಪು ತಂದು ಗೋಡೆಯುದ್ದಕ್ಕೂ ಎಳೆದರು. ಟೇಪಿನ ಇನ್ನೊಂದು ತುದಿ ಹಿಡಿದದ್ದು ಕುರ್ಚಿಯಣ್ಣನೇ.

"ಹದಿನಾರು ಅಡಿ. ನಾಲ್ಕು ಮೇಜೂ ತೆಗೆದು ಒಂದೇ ಉದ್ದದ ಮೇಜು ಹಾಕಿಸೋಣ ಅಣ್ಣ. ಎತ್ತರದ ಸ್ಟೂಲು. ಸಂಜೆ ಗುಂಪುಗುಂಪಾಗಿ ಬರೋರಿಗೆ ಜಾಗ ಸಾಲ್ತಿಲ್ಲ."

"ಕಿಟಕಿ ಹತ್ತಿರದ್ದು ಒಂದು ಉಳಿಸಮ್ಮ."

"ಒಬ್ಬರು ಬರ್ತಾರೋ ಇಲ್ವೋ ಅಂತ ಎರಡು ಕುರ್ಚಿ ಹಿಡ್ಕೊಂಡು ಕೂತ್ರೆ ಹೋಟೆಲ್ ನಡೆಯುತ್ತಾ? ನೀವೇ ಹೇಳಿ."

ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. ಕುರ್ಚಿಯಣ್ಣ ವಾದಿಸಲೂ ಇಲ್ಲ. "ನಾಳೆ ಬೆಳಿಗ್ಗೆ ಬಂದು ಅಲ್ಲಿ ಒಂದ್ಸಲ ಕೂತು ನೋಡಿ. ಆಮೇಲೆ ನಿಮ್ಮಿಷ್ಟ" ಎಂದರು.

ಬರಲಾರರು ಎಂದುಕೊಂಡಿದ್ದರು, ಆದರೆ ಆರು ಗಂಟೆಗೆ ಆಕೆ ಬಂದರು. ನಿದ್ದೆಗಣ್ಣು, ಕೈಯಲ್ಲಿ ಸ್ಕೂಟರಿನ ಕೀಲಿ. ಗೋಡೆ ಕಡೆಯ ಕುರ್ಚಿಯಲ್ಲಿ ಕೂತರು. ಕುರ್ಚಿಯಣ್ಣ ಬೇರೆ ಕುರ್ಚಿಗಳಲ್ಲಿ ಕೂತು ಏಳುತ್ತ ತಮ್ಮ ಕೆಲಸ ಮುಂದುವರಿಸಿದರು. ಆಕೆ ಕೀಲಿ ಮೇಜಿನ ಮೇಲಿಟ್ಟು ಎದುರಿಗೆ ನೋಡಿದರು.

"ಇಲ್ಲಿಂದ ಬಾಗಿಲು ಕಾಣುತ್ತೆ."

"ಹೂಂ. ಬೀದಿನೂ ಕಾಣುತ್ತೆ. ಒಬ್ಬರೇ ಬಂದೋರಿಗೆ ನೋಡೋಕೆ ಏನಾದ್ರೂ ಬೇಕಲ್ಲ."

"ಮದುವೆಗೆ ಮುಂಚೆ ಕೆಲಸಕ್ಕಿದ್ದಾಗ ನಾನೂ ಒಬ್ಬಳೇ ಊಟಕ್ಕೆ ಹೋಗ್ತಿದ್ದೆ. ಒಳಗೆ ಕಾಲಿಟ್ಟ ಕೂಡಲೇ 'ಪಾರ್ಸೆಲ್ಲಾ ಮೇಡಂ' ಅನ್ನೋರು. ಕೂತ್ಕೋತೀರಾ ಅಂತ ಒಬ್ಬರೂ ಕೇಳಲಿಲ್ಲ." ಇಷ್ಟು ಹೇಳಿ ಎದ್ದು, ಕುರ್ಚಿಯನ್ನು ಮೇಜಿನಡಿಗೆ ಸರಿಸಿ ಹೊರಟುಹೋದರು. ಉಳಿಸುತ್ತೇನೆಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಮೂರು ವಾರದ ನಂತರ, ಒಂದು ಸೋಮವಾರ, ಬಡಗಿ ಉದ್ದದ ಮೇಜು ತಂದ. ಕುರ್ಚಿಯಣ್ಣ ಬೆಳಿಗ್ಗೆಯೇ ನಾಲ್ಕೂ ಪುಟ್ಟ ಮೇಜುಗಳನ್ನು ಒರೆಸಿ ಒಂದೆಡೆ ಸೇರಿಸಿಟ್ಟಿದ್ದರು. ಒಂಬತ್ತನೆಯದನ್ನು ಎರಡು ಸಲ ಒರೆಸಿದರಂತೆ. ಕಿಂಡಿಯಿಂದ ನೋಡುತ್ತಿದ್ದ ಅಡುಗೆಯಕ್ಕ ಅಂದು ಅವರನ್ನು ಚುಚ್ಚಲಿಲ್ಲ.

ಹೊಸ ಮೇಜನ್ನು ಗೋಡೆಗೆ ಸೇರಿಸಿದರು. ಕಿಟಕಿಯ ಕಡೆ ನಾಲ್ಕಡಿ ಜಾಗ ಹಾಗೇ ಉಳಿಯಿತು.

"ಏನಪ್ಪಾ, ಅಳತೆ ತಪ್ಪಿದ್ಯಲ್ಲ" ಎಂದರು ಸೊಸೆ.

"ನಾನ್ಯಾಕೆ ತಪ್ತೀನಿ ಮೇಡಂ? ನೀವು ಬರೆದುಕೊಟ್ಟ ಹಾಗೇ ಕುಯ್ದಿದ್ದೀನಿ" ಎಂದು ಬಡಗಿ ಜೇಬಿನಿಂದ ಚೀಟಿ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ. ಹನ್ನೆರಡು ಅಡಿ ಎಂದಿತ್ತು.

"ಸರಿ ಬಿಡು, ಆಗಿದ್ದಾಯ್ತು. ಆ ಸಂದಿಗೆ ಏನಾದ್ರೂ ಹಾಕಿ ಅಣ್ಣ, ಬೋಳುಬೋಳಾಗಿ ಕಾಣುತ್ತೆ" ಎಂದು ಆಕೆ ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದರು.

ಚೀಟಿಯ ಮೇಲಿನ ಕೈಬರಹ ಯಾರದೆಂದು ಕುರ್ಚಿಯಣ್ಣನಿಗೆ ಗೊತ್ತು. ಸಂಬಳದ ಪಟ್ಟಿಯಲ್ಲಿ ಪ್ರತಿ ತಿಂಗಳು ನೋಡುತ್ತಾರೆ. "ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೆಲವು ಉಪಕಾರಕ್ಕೆ ಥ್ಯಾಂಕ್ಸ್ ಹೇಳಿದ್ರೆ ಮಾಡಿದೋರಿಗೆ ಮುಜುಗರ" ಎನ್ನುತ್ತಾರೆ. ಮರುದಿನದಿಂದ ಬೆಳಗ್ಗೆ ಆರಕ್ಕೆ ಬಾಗಿಲ ಪಕ್ಕದ ಮೇಜಿನ ಮೇಲೆ ಒಂದು ಲೋಟ ಕಾಫಿ ಮುಚ್ಚಿಟ್ಟಿರುತ್ತಾರೆ. ಸ್ಕೂಟರ್ ಬಂದರೆ ಬಂತು, ಬರದಿದ್ದರೆ ಅವರೇ ಕುಡಿಯುತ್ತಾರೆ, ಆರಿದ್ದನ್ನು.

ಈಗ ಮೂವತ್ತೆಂಟು ಕುರ್ಚಿ, ಎಂಟು ಸ್ಟೂಲು. ಸ್ಟೂಲು ಹತ್ತಿ ಇಳಿಯುವುದು ಮಂಡಿಗೆ ಕಷ್ಟ. ಕೂತರೆ ಕಾಲು ನೆಲಕ್ಕೆ ಸಿಗುವುದಿಲ್ಲ ಎಂದು ಗೊಣಗುತ್ತಲೇ ಎಂಟರ ಮೇಲೂ ಕೂತು ನೋಡುತ್ತಾರೆ. ಕೊನೆಗೆ, ಆ ನಾಲ್ಕಡಿ ಸಂದಿಗೆ ಮರಳಿ ಬಂದಿರುವ ಒಂಬತ್ತನೇ ಮೇಜು. ಅಲ್ಲಿ ಮಾತ್ರ ಒಂದೇ ಕುರ್ಚಿಯಲ್ಲಿ ಕೂರುತ್ತಾರೆ, ಡ್ರೈವರ್ ಕೂರುತ್ತಿದ್ದ ಕುರ್ಚಿಯಲ್ಲಿ. ಗೋಡೆ ಕಡೆಯದನ್ನು ಬಟ್ಟೆಯಿಂದ ಒರೆಸುತ್ತಾರೆ ಅಷ್ಟೇ.

ಇವತ್ತು ಗುರುವಾರ. ಹನ್ನೆರಡೂವರೆಗೆ ಎರಡು ತಟ್ಟೆ ಇಟ್ಟಾಯಿತು. ಲೋಟಗಳಿಗೆ ಅರ್ಧರ್ಧ ನೀರು ಹಾಕಿಯಾಯಿತು. ಬಾಗಿಲ ಗಂಟೆ ಮೂರು ಸಲ ಕಿಣಿ ಎಂದಿತು. ಮೂರು ಸಲವೂ ಬೇರೆ ಯಾರೋ. ಒಂದೂವರೆಯಾದ ಮೇಲೆ ಅವರು ತಟ್ಟೆಗಳನ್ನು ಎತ್ತಿ, ನೀರನ್ನು ಕಿಟಕಿಯ ಗಿಡಕ್ಕೆ ಹಾಕುತ್ತಾರೆ.

ಇನ್ನೂ ಎಷ್ಟು ಗುರುವಾರ ಎಂದು ಕೇಳಿದರೆ ಕುರ್ಚಿಯಣ್ಣ ಖಾಲಿ ಲೋಟಗಳನ್ನು ಒರೆಸುತ್ತಾರೆ.

"ಕ್ಷಮೆ ಕೇಳೋದೇನೂ ಬೇಕಿಲ್ಲ, ಅವರಿಗೂ ಕಷ್ಟ. ಬಂದು, ಕೂತು, ಬ್ರೆಡ್ಡಿನ ಅಂಚು ಕಿತ್ತು ಎಲ್ಲಿಡಬೇಕೋ ಅಲ್ಲಿಟ್ಟು ಊಟ ಮಾಡಿ ಹೋದ್ರೆ ಸಾಕು. ಬಂದ್ರೆ ಎದುರಿಗೆ ಕುರ್ಚಿ ಇರುತ್ತೆ." ಬಟ್ಟೆ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. "ಬರದೇ ಇದ್ರೂ ಇರುತ್ತೆ."