ಕಮಲಕ್ಕ ಹೇಳದ ಹೆಸರು

ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯ ಭಜನೆಯಲ್ಲಿ ಕಮಲಕ್ಕನ ದನಿಯೇ ಎಲ್ಲರಿಗಿಂತ ಮೇಲೆ. ಆದರೆ ಹಾಡಿನಲ್ಲಿ ‘ಗೋವಿಂದ’ ಎಂಬ ಪದ ಬಂತೋ, ಆ ದನಿ ಗಪ್ಪನೆ ನಿಂತುಬಿಡುತ್ತಿತ್ತು. ತುಟಿ ಬಿಗಿದುಕೊಂಡು, ಎರಡು ಚಪ್ಪಾಳೆ ಹೆಚ್ಚಿಗೆ ತಟ್ಟಿ, ಮುಂದಿನ ಪದಕ್ಕೆ ಮತ್ತೆ ಬಂದು ಸೇರಿಕೊಳ್ಳುತ್ತಿದ್ದರು. ಅವರ ಗಂಡನ ಹೆಸರು ಗೋವಿಂದಪ್ಪ. ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಗದಗಿನಲ್ಲಿದ್ದ ಅವರ ಅವ್ವ ಮದುವೆಯ ದಿನ ಹೇಳಿ ಕಳಿಸಿದ್ದಳಂತೆ.

ಆ ಗೋವಿಂದಪ್ಪನವರು ಇಪ್ಪತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಲ್ಯಾಣದ ಮಾರ್ಕೆಟ್ಟಿಗೆ ಕೆಲಸಕ್ಕೆಂದು ಲೋಕಲ್ ರೈಲು ಹತ್ತಿದವರು ಮಾರ್ಕೆಟ್ಟಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ದೂರು ಕೊಡಲು ಹೋದ ಕಮಲಕ್ಕನನ್ನು ಹವಾಲ್ದಾರ “ನಾವ ಕಾಯ?” ಎಂದು ಗಂಡನ ಹೆಸರು ಕೇಳಿದರೆ ಇವರು ಬಾಯಿಯನ್ನೇ ಬಿಡಲಿಲ್ಲ. ಗಡಿಬಿಡಿಯಲ್ಲಿ ಆ ಹೆಸರಿದ್ದ ರೇಷನ್ ಕಾರ್ಡು ಮನೆಯಲ್ಲೇ ಉಳಿದಿತ್ತು. ಸುದ್ದಿ ತಿಳಿದು ನನ್ನ ಅಮ್ಮ ಓಡಿಹೋಗಿ ಹೆಸರು ಬರೆಸುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ಅಮ್ಮ ಬೈದದ್ದಕ್ಕೆ ಕಮಲಕ್ಕ, “ಹೇಳಿ ಅವರನ್ನ ಕಳಕೊಳ್ಳಲ್ಯಾ ಅಕ್ಕಾರ? ಕುಂತು ಕಾಯೂದು ಛಲೋ,” ಎಂದರಂತೆ. ನಾನಾಗ ಕಾಲೇಜು ಹುಡುಗಿ, ಕೇಳಿ ನಕ್ಕಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಅವರು ಜೋಳದ ರೊಟ್ಟಿ ಬಡಿದು, ನಮ್ಮ ಸುತ್ತಲಿನ ಮನೆಗಳಿಗೆ ಕೊಟ್ಟು ಬದುಕಿದರು. ಹಣೆಯ ಮೇಲೆ ರೂಪಾಯಿಯಗಲದ ಕುಂಕುಮ, ಕೈತುಂಬ ಹಸಿರು ಬಳೆ. ಬಾಗಿಲು ತಟ್ಟಿದ ಸದ್ದಾದರೆ ಹಿಟ್ಟಿನ ಕೈಯಲ್ಲೇ ಎದ್ದು ಬರುತ್ತಿದ್ದರು. ನಾನೆಂದು ತಿಳಿದ ಮೇಲೆ, “ನೀನಾ ಲತಾ? ಬಾ, ಬಿಸೀದು ಒಂದು ತಿನ್ನು,” ಎನ್ನುತ್ತಿದ್ದರು. ಆ ‘ನೀನಾ’ ಎಂಬುದರಲ್ಲಿದ್ದ ನಿರಾಶೆ ಇಪ್ಪತ್ತು ವರ್ಷವಾದರೂ ಹಳತಾಗಲಿಲ್ಲ.

ಪ್ರತಿ ಶ್ರಾವಣದಲ್ಲಿ ನಮ್ಮ ಬಿಲ್ಡಿಂಗಿನ ನಾಲ್ಕೈದು ಹೆಂಗಸರನ್ನು ಕಟ್ಟಿಕೊಂಡು ಅವರು ಅಂಬರನಾಥದ ಶಿವನ ಗುಡಿಗೆ ಹೋಗುತ್ತಿದ್ದರು. ಬದಲಾಪುರ ಲೋಕಲ್ ಹಿಡಿದರೆ ಅರ್ಧ ತಾಸಿನ ದಾರಿ. ಸಾವಿರ ವರ್ಷದ ಹತ್ತಿರದ ಕಪ್ಪು ಕಲ್ಲಿನ ಗುಡಿ, ಪಕ್ಕದಲ್ಲಿ ಕೊಳಚೆಯಾದ ಹೊಳೆ. ದೇವರನ್ನು ನೋಡಬೇಕೆಂದರೆ ಮಂಟಪದಿಂದ ಕೆಳಗೆ, ನೆಲದೊಳಕ್ಕೆ ಇಪ್ಪತ್ತು ಮೆಟ್ಟಿಲು ಇಳಿಯಬೇಕು. ಗರ್ಭಗುಡಿಯ ನೆತ್ತಿ ತೆರೆದಿದೆ. ಮೇಲಿಂದ ಒಂದು ಹಿಡಿ ಬೆಳಕು ಲಿಂಗದ ಮೇಲೆ ಬೀಳುತ್ತದೆ, ಮೂಲೆಗಳಿಗೆ ಅದು ತಲುಪುವುದಿಲ್ಲ. ಸೀವುಡ್ಸ್‌ನ ಆಫೀಸಿನಲ್ಲಿ ದೆವ್ವದ ಕತೆಗಳಿಗೆಲ್ಲ ನಗುವ ನಾನೂ ಅಲ್ಲಿ ಇಳಿದರೆ ಮೂಲೆಗಳ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ.

ಎಲ್ಲರೂ ಸೋಮವಾರ ಹೋದರೆ ಕಮಲಕ್ಕ ಮಂಗಳವಾರ ಮಧ್ಯಾಹ್ನವೇ ಹೊರಡಿಸುತ್ತಿದ್ದರು. ಜನರ ಗದ್ದಲವಿಲ್ಲದ ಹೊತ್ತಿನಲ್ಲಿ ಕರೆದರೆ ಉತ್ತರ ಸರಿಯಾಗಿ ಕೇಳುತ್ತದೆ ಎಂದು. ಗುಂಡಿ, ಹೊಳೆ, ಬಾವಿಗಳಂಥ ಜಾಗದಿಂದ ಹೊರಡುವಾಗ ಒಬ್ಬೊಬ್ಬರ ಹೆಸರು ಹಿಡಿದು ಕರೆಯಬೇಕು, ಅವರು ‘ಓ’ ಅನ್ನಬೇಕು, ಇಲ್ಲದಿದ್ದರೆ ಜೀವ ಅಲ್ಲೇ ಉಳಿದುಬಿಡುತ್ತದೆ ಎಂಬುದು ಅವರ ಮನೆಯ ಪದ್ಧತಿ. ಮೇಲಿನ ಮೆಟ್ಟಿಲಲ್ಲಿ ನಿಂತು ಕರೆಯುವ ಕೆಲಸ ನನ್ನದು. ಕೊನೆಯಲ್ಲಿ, ಕೆಳಗಿನ ಕತ್ತಲಿಗೆ ಮುಖ ಮಾಡಿ, ಗೋವಿಂದಪ್ಪನವರನ್ನೂ ಕರೆಯಬೇಕಿತ್ತು.

ಮೊದಲ ಸಲ ಕರೆದಾಗ ಉತ್ತರ ಬರಲಿಲ್ಲ. ಬಾವಲಿಗಳು ಅತ್ತಿತ್ತ ಮಿಸುಕಿದವು ಅಷ್ಟೆ. ಕಮಲಕ್ಕ ಅಳುತ್ತಾರೇನೋ ಎಂದುಕೊಂಡೆ. ಆದರೆ ಅವರ ಮುಖ ಅರಳಿತ್ತು.

“ಕೇಳಿದ್ಯಾ? ಯಾರೂ ಓ ಅನಲಿಲ್ಲ. ಹೋದವರೆಲ್ಲ ಶಿವನ ಕಡೀಗೆ ಬರತಾರ. ಇಲ್ಲಿ ಇಲ್ಲ ಅಂದಮ್ಯಾಲ ಎಲ್ಲೋ ಜೀವಂತ ಅದಾರ.”

“ಮತ್ತೆ ಓ ಅಂದುಬಿಟ್ಟರೆ ಎಂತ ಮಾಡುವುದು ಕಮಲಕ್ಕ?” ಎಂದು ಕೀಟಲೆ ಮಾಡಿದೆ.

ಅವರು ನಗಲಿಲ್ಲ. “ಅಂದ್ರ ಆತು. ಬಳಿ ತಗೀತೀನಿ.”

ಹೀಗೆ ಹನ್ನೊಂದು ಶ್ರಾವಣ ಕರೆದೆ, ಹನ್ನೊಂದು ಶ್ರಾವಣವೂ ಗುಂಡಿ ಸುಮ್ಮನಿತ್ತು. ಹಿಂದಿರುಗುವಾಗ ಅವರು ಸ್ಟೇಶನ್ನಿನಲ್ಲಿ ಎಲ್ಲರಿಗೂ ವಡಾಪಾವ್ ಕೊಡಿಸುತ್ತಿದ್ದರು. ಇನ್ನೊಂದು ವರ್ಷದ ಮುತ್ತೈದೆತನ ಗಿಟ್ಟಿದ ಸಂತೋಷ ಅದು.

ಹೋದ ವರ್ಷ ಹೋದಾಗ ಮೋಡ ಕವಿದು ಒಳಗೆ ಆ ಹಿಡಿ ಬೆಳಕೂ ಇರಲಿಲ್ಲ. ಎಲ್ಲರೂ ಹತ್ತಿ ಬಂದೆವು. ನಾನು ಹೆಸರು ಹಿಡಿದು ಕರೆಯುತ್ತ ಬಂದೆ. ಶಕುಂತಲಾ ಓ ಅಂದಳು, ಹೇಮಾ ಅಂದಳು, ಪಕ್ಕದಲ್ಲೇ ನಿಂತ ಕಮಲಕ್ಕನೂ ಅಂದರು. ನಾನು ಕೆಳಕ್ಕೆ ತಿರುಗಿ ಉಸಿರು ಎಳೆದುಕೊಂಡೆ. ಇನ್ನೂ ಬಾಯಿ ತೆರೆದಿರಲಿಲ್ಲ.

“ಓ.”

ಗಂಡಸಿನ ದನಿ. ದಣಿದು ಮನೆಗೆ ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಅನ್ನುವ ಹಾಗೆ. ಹೇಮಾ ನನ್ನ ತೋಳು ಹಿಡಿದುಕೊಂಡಳು. ನಾನು ಧೈರ್ಯ ಮಾಡಿ ಕೆಳಗೆ ಓಡಿದೆ. ಅರ್ಚಕರೊಬ್ಬರೇ ದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ಯಾರು ಮಾತಾಡಿದ್ದು ಎಂದು ಮರಾಠಿಯಲ್ಲಿ ಕೇಳಿದೆ. “ಕೋಣೀ ನಾಹೀ, ತುಮ್ಹೀ ಗೇಲ್ಯಾವರ ಕೋಣೀ ಆಲಂಚ ನಾಹೀ,” ಎಂದರು. ನೀವು ಹೋದ ಮೇಲೆ ಯಾರೂ ಬಂದೇ ಇಲ್ಲ. ಅವರದು ಹೆಂಗಸಿನಂಥ ಸಣ್ಣ ದನಿ.

ಮೇಲೆ ಬಂದಾಗ ಕಮಲಕ್ಕ ಕಂಬಕ್ಕೆ ಒರಗಿ ನಿಂತಿದ್ದರು. “ಕರಿಯೂ ಪುರುಸೊತ್ತು ಸುದ್ದಾ ಕೊಡಲಿಲ್ಲ ನೋಡು,” ಎಂದರು. “ಮೊದಲಿಂದ ಅವಸರದ ಮನಿಶ್ಯಾ.”

“ಪ್ರತಿಧ್ವನಿ ಇರಬೇಕು ಕಮಲಕ್ಕ, ನಿಮ್ಮದೇ ಓ,” ಎಂದೆ. ನನಗೇ ನಂಬಿಕೆ ಇರಲಿಲ್ಲ.

ಲೋಕಲ್‌ನಲ್ಲಿ ಕಿಟಕಿಯ ಪಕ್ಕ ಕೂತು ಒಂದೊಂದೇ ಬಳೆ ಕಳಚಿ ಸೆರಗಿನಲ್ಲಿ ಗಂಟು ಹಾಕಿದರು. ವಿಠ್ಠಲವಾಡಿ ದಾಟಿದ ಮೇಲೆ ಮೆಲ್ಲಗೆ, “ಗೋವಿಂದಪ್ಪ,” ಎಂದರು. ಸ್ವಲ್ಪ ತಡೆದು ಇನ್ನೊಮ್ಮೆ. ಕಲ್ಯಾಣದ ಗದ್ದಲದಲ್ಲಿ ಮೂರನೆಯ ಸಲ, ಎದುರಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. “ಎಷ್ಟ ಛಂದ ಐತಿ ಲತಾ ಈ ಹೆಸರು. ಒಮ್ಮೆನೂ ಕರೀಲಿಲ್ಲ,” ಎಂದು ಆಗ ಅತ್ತರು. ನಾನೂ ಅತ್ತೆ.

ದಸರೆಗೆ ಮೊದಲೇ ಖೋಲಿ ಖಾಲಿ ಮಾಡಿ, ಅಣ್ಣನಿರುವ ಹಳ್ಳಿಗೆ ಹೋಗಿ ಗಂಡನ ಕರ್ಮ ಮಾಡಿಸುತ್ತೇನೆಂದು ಹೊರಟರು. ಕಲ್ಯಾಣದಲ್ಲಿ ಗಾಡಿ ಹತ್ತಿಸಲು ನಾನೇ ಹೋಗಿದ್ದೆ. ಬೋಳು ಹಣೆಯ ಕಮಲಕ್ಕನನ್ನು ನೋಡಲಾಗದೆ ನಾನು ಅವರ ಚೀಲವನ್ನೇ ನೋಡುತ್ತಿದ್ದೆ. “ಮುಟ್ಟಿದ ಮ್ಯಾಲ ಫೋನ್ ಮಾಡ್ತೀನಿ,” ಎಂದರು.

ಫೋನ್ ಬರಲಿಲ್ಲ. ಅವರ ನಂಬರ್ ಬಂದ್ ಆಗಿದೆ. ಗದಗಿನ ಹತ್ತಿರ ಎಂಬುದು ಬಿಟ್ಟರೆ ಆ ಹಳ್ಳಿ ಯಾವುದೆಂದು ನಮ್ಮಲ್ಲಿ ಯಾರೂ ಕೇಳಿಟ್ಟುಕೊಂಡಿರಲಿಲ್ಲ. ಎಂಥ ದಡ್ಡತನ.

ಈ ಶ್ರಾವಣದ ಮಂಗಳವಾರ ಶಕುಂತಲಾ, ಹೇಮಾ, ನಾನು ಮತ್ತೆ ಹೋದೆವು. ಮೇಲಿನ ಮೆಟ್ಟಿಲಲ್ಲಿ ನಿಂತು ಅವರಿಬ್ಬರನ್ನೂ ಕರೆದೆ, ಇಬ್ಬರೂ ಓ ಅಂದರು. “ಕಮಲಕ್ಕನ್ನ ಒಂದ್ಸಲ ಕರೆದು ನೋಡೇ, ಇದ್ದಾರೋ ಇಲ್ಲವೋ ಗೊತ್ತಾಗ್ತದೆ,” ಎಂದಳು ಹೇಮಾ. ಕೆಳಗೆ ಕತ್ತಲು ಸುಮ್ಮನೆ ಕೂತಿತ್ತು. ಆ ಹೆಸರು ಹೊರಬೀಳದ ಹಾಗೆ ನಾನು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಬಂದುಬಿಟ್ಟೆ.