ಲಿಮಿಟಕ್ಕನ ಹತ್ತೊಂಬತ್ತು ನಿಮಿಷ

ಬೆಳಗಿನ ಐದೂ ಇಪ್ಪತ್ತು. ಆಂಬುಲೆನ್ಸ್ ಕರೆ ಕೇಂದ್ರದ ಎರಡನೇ ಮಹಡಿಯ ತುದಿಯಲ್ಲಿರುವ ಕೋಣೆಯ ಬಾಗಿಲನ್ನು ಒಬ್ಬ ಹೆಂಗಸು ಹೆಗಲು ಕೊಟ್ಟು ತಳ್ಳುತ್ತಾರೆ. ಕೈಯಲ್ಲಿ ತಳ್ಳಿದರೆ ಜಗ್ಗುವ ಬಾಗಿಲಲ್ಲ ಅದು. ಒಳಗೆ ಕಿಟಕಿಯಿಲ್ಲ. ಆಳೆತ್ತರದ ಮೂರು ಕಪಾಟುಗಳಲ್ಲಿ ಸರ್ವರ್‌ಗಳು ಒಂದೇ ಸಮನೆ ಗುಂಯ್‌ಗುಡುತ್ತಿವೆ. ಎ.ಸಿ.ಯ ಚಳಿ ಮೂಳೆಗೆ ಇಳಿಯುತ್ತದೆ. ಅವರು ಚಪ್ಪಲಿ ಹೊರಗೆ ಬಿಟ್ಟು, ಕಾಲುಚೀಲ ಏರಿಸಿ, ಶಾಲು ಹೊದ್ದು, ಸೆರಗಿನ ತುದಿಯಲ್ಲಿ ಕನ್ನಡಕ ಒರೆಸಿಕೊಂಡು ಕಪ್ಪು ಪರದೆಯ ಮುಂದೆ ಕೂರುತ್ತಾರೆ. ಪರದೆಯ ಮೇಲೆ ಚಿತ್ರವಿಲ್ಲ, ಬಣ್ಣವಿಲ್ಲ. ಮಿಟುಕುವ ಒಂದು ಬಿಳಿ ಗೆರೆ ಮಾತ್ರ.

ಹತ್ತೂ ಬೆರಳು ಕೀಲಿಗಳ ಮೇಲೆ ಓಡತೊಡಗುತ್ತವೆ. 'ಗೆಟ್‌ಕಾನ್ಫ್' ಎಂದು ಟೈಪಿಸಿ ಒಂದು ಪ್ರಶ್ನೆ, 'ಯುಲಿಮಿಟ್' ಎಂದು ಟೈಪಿಸಿ ಇನ್ನೊಂದು. ಕೇಳುವುದೆಲ್ಲ ಒಂದೇ ಬಗೆಯದು: ನಿನ್ನ ಮಿತಿ ಎಷ್ಟು? ಒಂದು ಫೈಲಿನ ಹೆಸರು ಎಷ್ಟು ಉದ್ದ ಇರಬಹುದು? ಒಂದೇ ಸಲಕ್ಕೆ ಎಷ್ಟು ಕೆಲಸ ನಡೆಸಬಲ್ಲೆ? ಎಷ್ಟು ಫೈಲು ತೆರೆದಿಟ್ಟುಕೊಳ್ಳಬಲ್ಲೆ? ಯಂತ್ರ ಪ್ರತಿ ಪ್ರಶ್ನೆಗೂ ಒಂದು ಅಂಕಿ ಹೇಳಿ ಸುಮ್ಮನಾಗುತ್ತದೆ. ಅವರು ಆ ಅಂಕಿಯನ್ನು ಉದ್ದನೆಯ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಹದಿನಾಲ್ಕು ಸರ್ವರ್, ಒಂದೊಂದಕ್ಕೆ ಒಂಬತ್ತು ಪ್ರಶ್ನೆ. ಆರು ಗಂಟೆಗೆ ಬೆಳಗಿನ ಪಾಳಿ ಶುರುವಾಗುವುದರೊಳಗೆ ನೂರ ಇಪ್ಪತ್ತಾರು ಉತ್ತರ ಕಾಗದದ ಮೇಲೆ ಇರಬೇಕು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.

ಕೆಳಗಿನ ಮಹಡಿಯಲ್ಲಿ ಫೋನೆತ್ತುವವರು ಇವರನ್ನು ಲಿಮಿಟಕ್ಕ ಅನ್ನುತ್ತಾರೆ. ಎದುರಿಗೇ ಅನ್ನುತ್ತಾರೆ, ಇವರೂ ಓಗೊಡುತ್ತಾರೆ. ಹೊರಗಿನವರಿಗೆ ಇವರ ಗುರುತೇ ಇಲ್ಲ. ಆಂಬುಲೆನ್ಸ್ ಸರಿಯಾದ ಹೊತ್ತಿಗೆ ಮನೆ ಬಾಗಿಲಿಗೆ ಬಂದರೆ ಜನ ಚಾಲಕನಿಗೆ ಕೈ ಮುಗಿಯುತ್ತಾರೆ, ನರ್ಸಿನ ಕೈ ಹಿಡಿದುಕೊಳ್ಳುತ್ತಾರೆ. ಕಿಟಕಿಯಿಲ್ಲದ ಕೋಣೆಯ ನೆನಪು ಯಾರಿಗೆ ಬರಬೇಕು?

"ಬರೋದೂ ಬೇಡ" ಅನ್ನುತ್ತಾರೆ ಲಿಮಿಟಕ್ಕ. "ನಮ್ಮ ಕೋಣೆ ಜನರ ಬಾಯಿಗೆ ಬಂತು ಅಂದ್ರೆ ಏನೋ ಎಡವಟ್ಟಾಯ್ತು ಅಂತಾನೇ ಅರ್ಥ. ಒಂದು ಸಲ ಬಂತು. ಸಾಕು."

ಆ ಒಂದು ಸಲದ ಕತೆಯನ್ನು ಹೇಳಲು ಅವರು ಒಪ್ಪಿದ್ದಕ್ಕೇ ಈ ಬರಹ.

ಇವರು ಇಲ್ಲಿಗೆ ಬಂದದ್ದು ಟೈಪಿಸ್ಟ್ ಆಗಿ. ಓದಿದ್ದು ಶಾಲೆಯ ಕೊನೆಯ ತರಗತಿಯವರೆಗೆ, ಜೊತೆಗೆ ಟೈಪಿಂಗ್ ಕ್ಲಾಸು. ಮೊದಲ ಹನ್ನೊಂದು ವರ್ಷ ಕರಾರಿನ ಕೆಲಸ. ವರ್ಷಕ್ಕೊಮ್ಮೆ ಇದ್ದೀನೋ ಇಲ್ಲವೋ ಅನ್ನುವ ಆತಂಕ. ಕಂಪ್ಯೂಟರ್ ಕೋಣೆಗೆ ಯಾರಾದರೂ ಬೇಕು ಎಂದಾಗ ಆ ಚಳಿಗೆ ಹೆದರಿ ಎಲ್ಲರೂ ನುಣುಚಿಕೊಂಡರು. ಇವರು ಹೂಂ ಅಂದರು. ಆ ಸರ್ವರ್‌ಗಳನ್ನು ನಡೆಸುವ ಯೂನಿಕ್ಸ್ ಅನ್ನುವುದರ ಹೆಸರನ್ನೇ ಕೇಳಿರಲಿಲ್ಲ. ಕಪಾಟಿನ ಮೇಲೆ ಧೂಳು ತಿನ್ನುತ್ತಿದ್ದ ಕೈಪಿಡಿಯನ್ನು ಮನೆಗೆ ಒಯ್ದು, ಅಡುಗೆಮನೆಯ ಕಟ್ಟೆಯ ಮೇಲಿಟ್ಟುಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಓದಿದರು. ಎಂಟು ತಿಂಗಳು ಹಿಡಿಯಿತು.

ಪತಿ ನಿವೃತ್ತ ಬಸ್ ಕಂಡಕ್ಟರ್. ಬೆಳಗಿನ ಚಹಾ ಮಾಡುವುದು ಅವರೇ. "ಇವಳಿಗೆ ಹದಿನಾಲ್ಕು ಮಷಿನ್ನಿನ ಲಿಮಿಟ್ ಬಾಯಿಪಾಠ" ಎಂದು ನಗುತ್ತಾರೆ. "ನಾನು ಚಹಾಕ್ಕೆ ಎಷ್ಟು ಸಕ್ಕರೆ ಹಾಕ್ಕೊಳ್ತೀನಿ ಅಂತ ಕೇಳಿ ನೋಡಿ. ಮೂವತ್ತು ವರ್ಷ ಆಯ್ತು ಮದುವೆಯಾಗಿ, ಇನ್ನೂ ತಪ್ಪು ಹೇಳ್ತಾಳೆ."

"ಡಾಕ್ಟ್ರು ಅರ್ಧ ಚಮಚ ಅಂದಿದ್ದಾರೆ, ನೀವು ಕದ್ದು ಎರಡು ಹಾಕ್ಕೊಳ್ತೀರಿ. ನಾನು ಯಾವುದನ್ನ ಹೇಳಲಿ?" ಅಕ್ಕನ ಉತ್ತರ ಒಳಕೋಣೆಯಿಂದ ಬರುತ್ತದೆ.

ಈಗ ಆ ದಿನದ ವಿಷಯ. ಮೂರು ವರ್ಷದ ಹಿಂದಿನ ಮಾತು.

ಕೇಂದ್ರಕ್ಕೆ ಕರೆ ಬಂದಾಗ ಮುಖ್ಯ ಸರ್ವರಿನಲ್ಲಿರುವ ಪ್ರೋಗ್ರಾಂ ಆ ಒಂದು ಕರೆಗೆ ಎಂಟು ಫೈಲು ತೆರೆಯುತ್ತದೆ: ಕರೆದವರ ದನಿ, ನಂಬರು, ವಿಳಾಸ, ದಾರಿಯ ನಕ್ಷೆ, ಹೊರಟ ಗಾಡಿ, ಹೀಗೆ. ಪಾಳಿ ಮುಗಿಯುವವರೆಗೂ ಅವು ತೆರೆದೇ ಇರುತ್ತವೆ. ಯಂತ್ರ ತಾನಾಗಿ ಕೊಡುವ ಮಿತಿ 1,024 ಫೈಲು. ಅಂದರೆ ಒಂದು ಪಾಳಿಯಲ್ಲಿ ನೂರಿಪ್ಪತ್ತು ಚಿಲ್ಲರೆ ಕರೆ ದಾಟಿದರೆ ಬಾಗಿಲು ಮುಚ್ಚಿದಂತೆ. ಇದನ್ನು ಮೊದಲು ಕಂಡುಹಿಡಿದವರೂ ಲಿಮಿಟಕ್ಕನೇ. ಅನುಮತಿ ಪಡೆದು ಮಿತಿಯನ್ನು 65,536ಕ್ಕೆ ಏರಿಸಿದ್ದರು. ಆದರೆ ಏರಿಸಿದ್ದು ತಮ್ಮ ಲಾಗಿನ್ನಿಗೆ. ಸರ್ವರ್ ನಿಂತು ಶುರುವಾದಾಗಲೆಲ್ಲ ಅವರೇ ಬಂದು, ತಾನಾಗಿ ಎದ್ದ ಆ ಪ್ರೋಗ್ರಾಂ ಅನ್ನು ನಿಲ್ಲಿಸಿ, ತಮ್ಮ ಪರದೆಯಿಂದ ಮತ್ತೆ ಚಾಲೂ ಮಾಡುತ್ತಿದ್ದರು. ಯಾರು ಚಾಲೂ ಮಾಡುತ್ತಾರೋ ಅವರ ಮಿತಿಯೇ ಪ್ರೋಗ್ರಾಮಿಗೂ ಸಿಗುತ್ತದೆ. ಹಾಗಾಗಿ ವರ್ಷಗಟ್ಟಲೆ ಯಾವ ತೊಂದರೆಯೂ ಕಾಣಲಿಲ್ಲ.

ಚಳಿಗಾಲದ ಒಂದು ಮಂಗಳವಾರ ಅತ್ತೆಯ ಕಣ್ಣಿನ ಆಪರೇಷನ್ ಎಂದು ಇವರು ರಜೆ ಹಾಕಿದರು. ಅದೇ ದಿನ ವಿದ್ಯುತ್ ಕೆಲಸದವರು ಕಟ್ಟಡದ ಮುಖ್ಯ ಕೇಬಲ್ ಬದಲಾಯಿಸಿದರು. ಸರ್ವರ್‌ಗಳು ಆರಿ ಮತ್ತೆ ಎದ್ದವು. ಪ್ರೋಗ್ರಾಂ ತಾನೇ ಚಾಲೂ ಆಯಿತು, ತನ್ನ ಹಳೆಯ 1,024ರೊಂದಿಗೆ. ಈ ಸಲ ಅದನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡುವವರು ಇರಲಿಲ್ಲ. ಬುಧವಾರ ಬೆಳಿಗ್ಗೆ, ಸರ್ವರ್ ಆರಿ ಎದ್ದದ್ದು ಗೊತ್ತಿಲ್ಲದೆ, ಲಿಮಿಟಕ್ಕ ಬಂದರು, ಎಂದಿನಂತೆ ಕೇಳಿದರು. ಪರದೆ 65,536 ಅಂದಿತು. ಬರೆದುಕೊಂಡರು. ಗುರುವಾರವೂ ಅದೇ.

"ಅದು ನನ್ನ ಲಾಗಿನ್ನಿನ ಮಿತಿ ಹೇಳ್ತಾ ಇತ್ತು" ಎನ್ನುವಾಗ ಅವರು ನನ್ನ ಮುಖ ನೋಡುವುದಿಲ್ಲ. "ಪ್ರೋಗ್ರಾಮಿನ ಮಿತಿ ಕೇಳೋಕೆ ಬೇರೆ ಜಾಗ ಇದೆ. ಓಡ್ತಿರೋ ಪ್ರತಿಯೊಂದು ಪ್ರೋಗ್ರಾಮಿಗೂ ಒಂದು ಚೀಟಿ ಥರ ಇರುತ್ತೆ, ಅದರೊಳಗೆ ಬರೆದಿರುತ್ತೆ. ಕೈಪಿಡೀಲೂ ಇದೆ, ನಾನು ಓದೂ ಇದ್ದೆ. ಆದ್ರೆ ದಿನಾ ಒಂದೇ ಉತ್ತರ ಬರ್ತಿತ್ತಲ್ಲ, ಇನ್ನೊಂದು ಕಡೆ ಯಾಕೆ ಕೇಳ್ಬೇಕು ಅನ್ನಿಸಿಬಿಟ್ಟಿತ್ತು."

ಆ ಗುರುವಾರ ದಟ್ಟ ಮಂಜು. ಹೆದ್ದಾರಿಯಲ್ಲಿ ಒಂದರ ಹಿಂದೊಂದು ವಾಹನ ಗುದ್ದಿಕೊಂಡವು. ಸಾಮಾನ್ಯವಾಗಿ ಪಾಳಿಗೆ ಎಂಬತ್ತು ತೊಂಬತ್ತು ಕರೆ ಬರುವಲ್ಲಿ ಒಂಬತ್ತು ಗಂಟೆಗೇ ನೂರು ದಾಟಿತು. ಒಂಬತ್ತೂ ಹನ್ನೊಂದಕ್ಕೆ ಕೆಳಗಿನಿಂದ ಫೋನೆತ್ತುವವಳೊಬ್ಬಳು ಮೆಟ್ಟಿಲು ಹಾರುತ್ತ ಬಂದಳು. "ಅಕ್ಕಾ, ಹೊಸ ಕರೆ ಒಳಗೇ ಬರ್ತಿಲ್ಲ!"

ಲಿಮಿಟಕ್ಕ ತಕ್ಷಣ ಮಿತಿ ಕೇಳಿದರು. ಪರದೆ 65,536 ಅಂದಿತು. "ಮಿತಿ ಸರಿಯಾಗೇ ಇದೆ" ಅಂದರು, "ತಂತಿ ನೋಡಿ."

ಅವರ ಮಾತಿಗೆ ಆ ಕಟ್ಟಡದಲ್ಲಿ ಎರಡು ಮಾತಿಲ್ಲ. ಟೆಲಿಫೋನ್ ತಂತಿಗಳನ್ನು ನೋಡಿಕೊಳ್ಳುವವರು, ಎಲ್ಲರೂ ತಂತಿಯಣ್ಣ ಎಂದು ಕರೆಯುವವರು, ಬ್ಯಾಟರಿ ಹಿಡಿದು ನೆಲದ ಹಲಗೆ ಕಿತ್ತು ಒಳಗೆ ತೆವಳಿದರು. ಒಂದೊಂದೇ ಜೋಡಣೆ ಬಿಚ್ಚಿ, ಹಾಕಿ ನೋಡಿದರು. ಹತ್ತು ನಿಮಿಷ, ಹದಿನೈದು ನಿಮಿಷ. ಏನೂ ಸಿಗಲಿಲ್ಲ. ಮೇಲೆ ಲಿಮಿಟಕ್ಕ ಸರ್ವರಿನ ದಾಖಲೆ ತಿರುವುತ್ತಿದ್ದರು. ಹದಿನೆಂಟನೇ ನಿಮಿಷಕ್ಕೆ ಒಂದು ಸಾಲು ಕಣ್ಣಿಗೆ ಬಿತ್ತು: ತೆರೆದ ಫೈಲುಗಳು ವಿಪರೀತವಾಗಿವೆ. ಪ್ರೋಗ್ರಾಮಿನದೇ ಚೀಟಿ ತೆರೆದರು. ಮಿತಿ, 1,024. ತೆರೆದದ್ದು, 1,024.

ಸರಿಪಡಿಸಲು ಬೇಕಾದದ್ದು ಒಂದೇ ಸಾಲಿನ ಆದೇಶ. ಎಂಟು ಸೆಕೆಂಡು ಹಿಡಿಯಿತು. ಒಂಬತ್ತೂವರೆಗೆ ಕೆಳಗಿನ ಫೋನುಗಳು ಒಟ್ಟಿಗೆ ಬಡಿದುಕೊಂಡವು.

"ನನ್ನ ಮಾತು ನಂಬಿ ಆ ಮನುಷ್ಯ ನೆಲದಡೀಲಿ ತೆವಳ್ತಾ ಇದ್ರು" ಅನ್ನುತ್ತಾರೆ ಅಕ್ಕ. "ಗೊತ್ತಿಲ್ಲ ಅಂದಿದ್ರೂ ಆಗ್ತಿತ್ತು. ಸರಿಯಾಗಿದೆ ಅಂದೆನಲ್ಲ, ಅದು ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ."

ಹತ್ತೊಂಬತ್ತು ನಿಮಿಷದಲ್ಲಿ ಕರೆ ಸಿಗದೆ ಹೋದವರು ಇಪ್ಪತ್ಮೂರು ಮಂದಿ. ವರದಿಯಲ್ಲಿ 'ತಾಂತ್ರಿಕ ದೋಷ' ಎಂದು ಬರೆದು ಮುಗಿಸಲಾಯಿತು. ತಪ್ಪು ನನ್ನದು ಎಂದು ಇವರು ಹೋಗಿ ಹೇಳಿದಾಗ ಮೇಲಧಿಕಾರಿ ಕುರ್ಚಿ ತೋರಿಸಿ, ನೀರು ಕೊಟ್ಟು, "ಆಗಿದ್ದು ಆಗಿಹೋಯ್ತಮ್ಮ, ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರಿ" ಅಂದರಂತೆ. ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು ಅನ್ನುವುದು ಅಕ್ಕನ ಲೆಕ್ಕ.

ಇಪ್ಪತ್ಮೂರು ನಂಬರುಗಳೂ ಟೆಲಿಫೋನ್ ತಂತಿಯ ದಾಖಲೆಯಲ್ಲಿದ್ದವು. ಇವರು ಬರೆದುಕೊಂಡರು. ದಿನಕ್ಕೊಂದರಂತೆ, ಕೆಲಸ ಮುಗಿಸಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಫೋನು ಮಾಡಿದರು. ಹೆಚ್ಚಿನವರು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿದ್ದರು, ಇಲ್ಲವೇ ಬೇರೆ ಗಾಡಿ ಹಿಡಿದಿದ್ದರು. ಒಬ್ಬರು ನಗುತ್ತ, "ಹೆರಿಗೆ ಆಟೋದಲ್ಲೇ ಆಯ್ತು, ಗಂಡು ಮಗು" ಅಂದರು. ಹದಿನೇಳನೆಯ ನಂಬರು ಒಬ್ಬ ದರ್ಜಿಯ ಹೆಂಡತಿಯದು.

ಗಂಡ ಪಾರ್ಶ್ವವಾಯು ಬಡಿದು ಹೊಲಿಗೆ ಯಂತ್ರದ ಮುಂದೆಯೇ ಕುಸಿದಿದ್ದರು. ಆಕೆ ನಾಲ್ಕು ಸಲ ಫೋನು ಮಾಡಿದ್ದರು. ಕೊನೆಗೆ ಪಕ್ಕದ ಅಂಗಡಿಯವರ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ್ದರು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಬೇಗ ಬಂದಿದ್ದರೆ ಕೈ ಉಳಿಯುತ್ತಿತ್ತೇ ಎಂದು ಕೇಳಿದರೆ ವೈದ್ಯರು ಹೇಳಲಾಗದು ಅನ್ನುತ್ತಾರೆ.

ಲಿಮಿಟಕ್ಕ ಫೋನಿನಲ್ಲಿ ಎಲ್ಲ ಹೇಳಿದರು. ಆಮೇಲೆ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಇದನ್ನ ನಮಗ್ಯಾಕೆ ಹೇಳಿದ್ರಿ? ಹಣೆಬರಹ ಅಂದ್ಕೊಂಡು ಹೇಗೋ ಸಮಾಧಾನ ಮಾಡ್ಕೊಂಡಿದ್ವಿ."

ಉಳಿದ ಆರು ನಂಬರಿಗೆ ಇವರು ಫೋನು ಮಾಡಲಿಲ್ಲ.

ಒಂದು ದಿನ ಆ ಮನೆಗೆ ಹೋಗಿ ಬಂದರು. ದರ್ಜಿ ಮಾತಾಡಿಸಿದರು, ನೀರು ಕೊಡಿಸಿದರು. ಎರಡನೇ ಸಲ ಹೋದಾಗ ಹೆಂಡತಿ ಹೊಸ್ತಿಲಲ್ಲೇ ನಿಂತು, "ಬೇಜಾರು ಮಾಡ್ಕೋಬೇಡಿ ಅಕ್ಕ, ಇನ್ಮೇಲೆ ಬರಬೇಡಿ" ಅಂದರು. ಇವರು ಹೂಂ ಎಂದು ಹಿಂದಿರುಗಿದರು.

ಕಳೆದ ವಾರ ನಾನು ಅಲ್ಲಿಗೆ ಹೋದೆ. ಎರಡು ಮೇಜು ಹಿಡಿಸುವಷ್ಟು ಅಂಗಡಿ. ಈಗ ಯಂತ್ರ ತುಳಿಯುವವರು ಹೆಂಡತಿ. ದರ್ಜಿ ಸ್ಟೂಲಿನ ಮೇಲೆ ಕೂತು, ಎಡಗೈಯಲ್ಲಿ ಸೀಮೆಸುಣ್ಣ ಹಿಡಿದು ಬಟ್ಟೆಯ ಮೇಲೆ ಗೆರೆ ಎಳೆಯುತ್ತಾರೆ. ಗೆರೆ ಸೊಟ್ಟಗಾದರೆ ಒರೆಸಿ ಮತ್ತೆ ಎಳೆಯುತ್ತಾರೆ. "ಅವರ ಮೇಲೆ ಸಿಟ್ಟಿಲ್ಲ" ಅಂದರು. "ತಾವಾಗೇ ಬಂದು ಹೇಳಿದ್ರು, ಅಷ್ಟು ಯಾರು ಮಾಡ್ತಾರೆ? ಆದ್ರೆ ಅವರ ಮುಖ ನೋಡಿದ್ರೆ ಆ ಬೆಳಿಗ್ಗೆ ಎದುರಿಗೆ ಬಂದು ನಿಲ್ಲುತ್ತೆ. ಅದಕ್ಕೇ ಬರಬೇಡಿ ಅಂತ ನಾನೇ ಹೇಳಿಸಿದ್ದು."

ಹೆಂಡತಿ ದಾರ ಕಡಿದು ತಲೆಯೆತ್ತಿದರು. "ಚೆನ್ನಾಗಿದ್ದೀವಿ ಅಂತ ಹೇಳಿ ಅವರಿಗೆ. ಅಷ್ಟು ಹೇಳಿದ್ರೆ ಸಾಕು."

ಹೇಳಿದೆ. ಲಿಮಿಟಕ್ಕ ರಿಜಿಸ್ಟರಿನ ಮೂಲೆಯನ್ನು ಮಡಿಸುತ್ತ, ಬಿಡಿಸುತ್ತ ಕೂತರು. "ಚೆನ್ನಾಗಿದ್ದಾರಂತಾ?" ಎಂದರು. ರಿಜಿಸ್ಟರ್ ಮುಚ್ಚಿಟ್ಟು, "ಫೋನ್ ಮಾಡಿದ್ದು ಅವರ ಒಳ್ಳೇದಕ್ಕೋ, ನನ್ನ ಎದೆ ಹಗುರ ಆಗ್ಲಿ ಅಂತಲೋ, ಇವತ್ತಿಗೂ ಗೊತ್ತಿಲ್ಲ ನೋಡಿ" ಅಂದರು.

ಆ ಗುರುವಾರದ ಮರುದಿನವೇ ಮಿತಿಯನ್ನು ಪ್ರೋಗ್ರಾಮಿನ ಸ್ವಂತ ಕಡತದಲ್ಲೇ ಬರೆಸಿದ್ದಾರೆ. ಯಾರು ಚಾಲೂ ಮಾಡಿದರೂ, ತಾನೇ ಎದ್ದರೂ ಅದೀಗ ಬದಲಾಗದು. ಅಂದಿನಿಂದ ಒಂದು ಕರೆಯೂ ತಪ್ಪಿಲ್ಲ. ಮೊದಲು ಎಂಟಿದ್ದ ಪ್ರಶ್ನೆ ಒಂಬತ್ತಾಗಿದೆ. ಆ ಒಂಬತ್ತನೆಯದನ್ನು ಲಾಗಿನ್ನಿಗೆ ಕೇಳುವುದಿಲ್ಲ, ಓಡುತ್ತಿರುವ ಪ್ರೋಗ್ರಾಮಿನ ಚೀಟಿಯನ್ನೇ ತೆರೆದು ಓದುತ್ತಾರೆ. ಅದಕ್ಕೆಂದೇ ಬಸ್ಸು ಬದಲಿಸಿ, ಅರ್ಧ ಗಂಟೆ ಮೊದಲೇ ಬರುತ್ತಾರೆ. ಮಂಡಿನೋವಿಗೆ ಎರಡನೇ ಮಹಡಿ ಹತ್ತುವುದು ಸುಲಭವಲ್ಲ. ಪ್ರತಿ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ.

ಇನ್ನು ನಾಲ್ಕು ತಿಂಗಳಿಗೆ ನಿವೃತ್ತಿ. ಆ ಕುರ್ಚಿಗೆ ಬರುವವರು ತಂತಿಯಣ್ಣ. ಅವರಿಗೂ ಐವತ್ತು ದಾಟಿದೆ. ತೆವಳುವ ಕೆಲಸ ಇನ್ನಾಗದು ಎಂದು ತಾವೇ ಕೇಳಿಕೊಂಡಿದ್ದಾರೆ. ಬೆಳಿಗ್ಗೆ ಅಕ್ಕನ ಪಕ್ಕ ಕೂತು ಒಂದೊಂದೇ ಬೆರಳಲ್ಲಿ ಟೈಪಿಸಿ ಕಲಿಯುತ್ತಾರೆ. ತಪ್ಪಿದಾಗ ಯಂತ್ರಕ್ಕೆ ಸಾರಿ ಅನ್ನುತ್ತಾರೆ. ಅಕ್ಕ ಅವರಿಗಾಗಿ ಎಂಟು ಪುಟದ ಸೂಚನೆ ಬರೆದಿದ್ದಾರೆ. ಅದರ ಮೊದಲ ಪುಟದಲ್ಲಿ ಸೂಚನೆಯಿಲ್ಲ. ತಾನು ಏನು ತಪ್ಪು ಮಾಡಿದೆ, ಹೇಗೆ ಮಾಡಿದೆ, ಅದರಿಂದ ಎಷ್ಟು ಕರೆ ತಪ್ಪಿತು ಎಂಬುದಿದೆ. ಕಚೇರಿ ಅದನ್ನು ಅಚ್ಚು ಹಾಕಿಸಲು ಒಪ್ಪಿದೆ, ಆದರೆ ಆ ಮೊದಲ ಪುಟ ಬೇಡ ಅನ್ನುತ್ತಿದೆ. ಇಂಥದ್ದೆಲ್ಲ ಬರಹದಲ್ಲಿ ಇರಬಾರದಂತೆ.

ಈ ಬಗ್ಗೆ ಮೇಲಧಿಕಾರಿಯನ್ನು ಮೂರು ಸಲ ಕಂಡು ಬಂದಿದ್ದಾರೆ. ನಾನು ಹೊರಡುವಾಗ ನಾಲ್ಕನೇ ಸಲ ಹೋಗಲು ಎದ್ದು ನಿಂತಿದ್ದರು. ಏನು ಕೇಳುತ್ತೀರಿ ಅಂದೆ.

"ನನ್ನ ಹೆಸರು ತೆಗೀರಿ, ಪರವಾಗಿಲ್ಲ. ದರ್ಜಿಯವರ ವಿಷಯನೂ ಬೇಡ, ಅದು ಅವರ ಮನೆ ಸಂಗತಿ" ಅಂದರು. "ಆದ್ರೆ ಇಂಥ ದಿನ, ಇಷ್ಟು ಹೊತ್ತಿಗೆ, ಮಿತಿ ಸರಿಯಾಗಿದೆ ಅಂತ ಇಲ್ಲಿ ಕೂತೋರು ಹೇಳಿದ್ರು, ಅದು ಸರಿ ಇರಲಿಲ್ಲ. ಅಷ್ಟು ಒಂದು ಸಾಲು ಇರಲಿ ಸಾರ್ ಅಂತ ಕೇಳ್ತೀನಿ."