ಕನ್ನಡಕದ ಭಾವನ ವೈಪರ್ ವೈಪರೀತ್ಯ

ನಮ್ಮ ಭಾವನದು ಕನ್ನಡಕದ ಅಂಗಡಿ. ಊರಿನ ಅರ್ಧ ಜನಕ್ಕೆ ಕಣ್ಣು ಕಾಣಿಸುತ್ತಿರುವುದು ತಮ್ಮ ಕೃಪೆಯಿಂದ ಎಂದು ಅವರೇ ಎಲ್ಲರಿಗೂ ಹೇಳುವುದರಿಂದ ಆ ಶ್ರಮ ನನಗೆ ಉಳಿದಿದೆ. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಆ ಭಾರದ ಚೌಕಟ್ಟು ಹೇರಿ, ಒಂದೊಂದೇ ಗಾಜು ಬದಲಿಸುತ್ತಾ "ಈಗ? ಈಗ ಹೇಗೆ? ಮೊದಲಿನದು ಚೆನ್ನಾಗಿತ್ತೋ, ಇದು ಚೆನ್ನಾಗಿದೆಯೋ?" ಎಂದು ಕೇಳುವಾಗ ಅವರ ದನಿಯಲ್ಲಿ ನ್ಯಾಯಾಧೀಶರ ಗಾಂಭೀರ್ಯ ಇರುತ್ತದೆ. ತಡವಾಗಿ ಬಂದವರಿಗೆ ಚೌಕಟ್ಟಿನ ಜೊತೆ ಬೈಗುಳ ಉಚಿತ. "ಇಷ್ಟು ದಿನ ಏನ್ ಮಾಡ್ತಿದ್ರಿ? ಮೊದಲೇ ಬಂದು ತೋರಿಸಬಾರ್ದಿತ್ತಾ?"

ಇಂಥ ದೃಷ್ಟಿದಾತರು ಓಡಿಸುವ ಕಾರಿನ ಮುಂದಿನ ಗಾಜಿನಲ್ಲಿ, ಒಂದು ಹನಿ ಮಳೆ ಬಿದ್ದರೆ, ಏನೆಂದರೆ ಏನೂ ಕಾಣುತ್ತಿರಲಿಲ್ಲ.

ಕಾರು ಚಿಕ್ಕದು, ಹಳೆಯದು. ಎಷ್ಟು ಚಿಕ್ಕದು ಎಂದರೆ ಹಿಂದಿನ ಸೀಟಿನಲ್ಲಿ ಕೂತರೆ ನನ್ನ ಮೊಣಕಾಲು ನನ್ನ ಕಿವಿಯಲ್ಲೇ ಗುಟ್ಟು ಹೇಳುತ್ತದೆ. ಎಷ್ಟು ಹಳೆಯದು ಎಂದರೆ ಅದರ ಬಣ್ಣ ಯಾವುದೆಂದು ತಿಳಿಯಲು ಕಾಗದಪತ್ರ ತೆಗೆದು ನೋಡಬೇಕು. ಭಾವನ ಕಾರಿನಲ್ಲಿ ಎಲ್ಲದಕ್ಕೂ ಅಭಾವ. ಹನ್ನೊಂದು ವರ್ಷದ ಹಿಂದೆ ಒಂದು ಮಳೆಯ ಬೆಳಗ್ಗೆ ಅದರ ವೈಪರ್ ಎರಡು ಸಲ ಕೈಬೀಸಿ ಶಾಶ್ವತವಾಗಿ ಮಲಗಿತು. ಸ್ವಿಚ್ ಹಾಕಿದರೆ ಒಳಗೆಲ್ಲೋ ಮೋಟರು ಗುರ್ ಎನ್ನುತ್ತದೆ, ಕಡ್ಡಿಗಳು ಮಿಸುಕುವುದಿಲ್ಲ. ಮೀಟಿಂಗುಗಳಲ್ಲಿ ನಾನು ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಅದೇ ಚಳಿಗಾಲ ಡಿಫ್ರಾಸ್ಟರೂ ಕೈಕೊಟ್ಟಿತು. ಗಾಜಿನ ಒಳಮೈಗೆ ಕಟ್ಟುವ ಮಂಜನ್ನು ಬಿಸಿಗಾಳಿ ಊದಿ ಬಿಡಿಸಬೇಕಾದ ಸಾಧನ ಅದು. ಭಾವನ ಕಾರಿನಲ್ಲಿ ಆ ಬಿಸಿಗಾಳಿ ಗಾಜಿನ ಗೋಜಿಗೇ ಹೋಗದೆ ನೇರವಾಗಿ ಕಾಲಿಗೆ ಬರತೊಡಗಿತು.

"ಒಳ್ಳೇದೇ ಆಯ್ತಲ್ಲಯ್ಯಾ," ಎಂದರು ಭಾವ. "ಗಾಜಿಗೇನು ಚಳಿ ಆಗುತ್ತಾ? ಕಾಲಿಗೆ ಆಗುತ್ತೆ."

"ಮೆಕ್ಯಾನಿಕ್‌ಗೆ ತೋರಿಸಬಹುದಿತ್ತು ಭಾವ."

"ಮೆಕ್ಯಾನಿಕ್ ಒಂದು ಬಿಚ್ತಾನೆ, ಎರಡು ಕೆಡಿಸ್ತಾನೆ. ನಂಗೊತ್ತಿಲ್ವಾ ಇವರ ಕಥೆ?"

ಮೆಕ್ಯಾನಿಕ್ ಕೆಡಿಸುವ ಮೊದಲು ಭಾವ ತಾವೇ ಒಂದು ವ್ಯವಸ್ಥೆ ಮಾಡಿದರು. ಒಂದು ವೈಪರ್ ಕಡ್ಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ ಇನ್ನೊಂದು ತುದಿಯನ್ನು ತಮ್ಮ ಕಡೆಯ ಕನ್ನಡಿಗೆ ಬಿಗಿದರು. ಮತ್ತೊಂದು ಕಡ್ಡಿಗೆ ನೈಲಾನ್ ದಾರ ಕಟ್ಟಿ ಪಕ್ಕದ ಸೀಟಿನ ಕಿಟಕಿಯಿಂದ ಒಳಗೆ ಬಿಟ್ಟರು. ಪಕ್ಕದಲ್ಲಿ ಕೂತವರು ದಾರ ಎಳೆದರೆ ಎರಡು ಕಡ್ಡಿಗಳೂ ಇತ್ತ ಬರುತ್ತವೆ. ಬಿಟ್ಟರೆ ರಬ್ಬರು ಅತ್ತ ಎಳೆದುಕೊಳ್ಳುತ್ತದೆ. ಮಂಜಿಗೆ ಅಂಗಡಿಯಲ್ಲಿ ಕನ್ನಡಕದ ಜೊತೆ ಪುಕ್ಕಟೆ ಕೊಡುವ ಒರೆಸುವ ಬಟ್ಟೆ. ಪಕ್ಕದಲ್ಲಿ ಕೂರುತ್ತಿದ್ದವಳು ನಮ್ಮ ಅಕ್ಕ. ಅರ್ಧಾಂಗಿ ಎಂದ ಮೇಲೆ ಒಂದು ಕೈ ದಾರಕ್ಕೆ, ಇನ್ನೊಂದು ಕೈ ಬಟ್ಟೆಗೆ. ಹನ್ನೊಂದು ವರ್ಷ ಮಳೆಗಾಲ ಚಳಿಗಾಲಗಳಲ್ಲಿ ಆ ದಂಪತಿಯ ಸಂಭಾಷಣೆ ಮೂರೇ ಶಬ್ದಗಳಲ್ಲಿ ನಡೆಯಿತು: "ಎಳಿ." "ಬಿಡು." "ಒರೆಸು." ಇದಕ್ಕಿಂತ ಹೆಚ್ಚು ಶಬ್ದ ಬಳಸಿ ಇದಕ್ಕಿಂತ ಕಡಿಮೆ ಹೊಂದಿಕೊಂಡವರು ನಮ್ಮ ಬಳಗದಲ್ಲೇ ಇದ್ದಾರೆ.

ಅಕ್ಕ ಒಂದು ಶಾಲೆಯ ಗ್ರಂಥಾಲಯವನ್ನು ಇಪ್ಪತ್ತು ವರ್ಷ ನೋಡಿಕೊಂಡವಳು. ಶಾಲೆಯವರು ಅದನ್ನು ಕಂಪ್ಯೂಟರ್ ಕೋಣೆ ಮಾಡಿ, ಅವಳ ಕೈಗೆ ಒಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿದರು. ಎರಡು ವರ್ಷ ಅವಳು ಮನೆಯಲ್ಲಿ ಕೂತು ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಅಕಾರಾದಿಯಾಗಿ ಜೋಡಿಸಿದಳು. ಸಕ್ಕರೆ ಹುಡುಕಲು ಹೋದ ಭಾವ ಕಾಗುಣಿತ ಒಪ್ಪಿಸುತ್ತಾ ನಿಲ್ಲುವುದನ್ನು ನಾನೇ ಕಂಡಿದ್ದೇನೆ. ಹೀಗಿರುವಾಗ, ಅವಳ ಐವತ್ತೊಂದನೇ ವಯಸ್ಸಿನಲ್ಲಿ ನಗರದ ಗ್ರಂಥಾಲಯದಿಂದ ಕಾಗದ ಬಂತು. ಬೀದಿಬೀದಿಗೆ ಪುಸ್ತಕ ಒಯ್ಯುವ ವ್ಯಾನಿಗೆ ಚಾಲಕಿಯೂ ಗ್ರಂಥಪಾಲಕಿಯೂ ಒಬ್ಬಳೇ ಆಗಿ ಅವಳನ್ನು ಆರಿಸಿದ್ದರು. ಆರು ವಾರದ ನಂತರದ ಸೋಮವಾರ ಬೆಳಗ್ಗೆ ಹತ್ತಕ್ಕೆ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಸೇರಿಕೊಳ್ಳಬೇಕು. ತಪ್ಪಿದರೆ ಕೆಲಸ ಪಟ್ಟಿಯಲ್ಲಿ ಮುಂದಿನವರಿಗೆ.

ಕಾಗದವನ್ನು ಅಕ್ಕ ನಾಲ್ಕು ಸಲ ಓದಿದಳು. ಭಾವ ಒಂದು ಸಲ ಓದಿ, ಕನ್ನಡಕ ತೆಗೆದು, ಬಹಳ ಹೊತ್ತು ಯೋಚಿಸಿ ಕೇಳಿದರು: "ನೀನು ಕೆಲಸಕ್ಕೆ ಹೋದ್ರೆ ಮಳೆ ಬಂದಾಗ ನಾನು ಅಂಗಡಿಗೆ ಹೋಗೋದು ಹೇಗೆ?"

ಅಭಿನಂದನೆ ಎಂದರೆ ಹೀಗಿರಬೇಕು.

ಅದುವರೆಗೆ ಸ್ಟಿಯರಿಂಗ್ ಮುಟ್ಟದ ಅಕ್ಕನ ಕಲಿಕೆ ಶುರುವಾಯಿತು. ಅಕ್ಕ ಸ್ಟಿಯರಿಂಗಿಗೆ, ಭಾವ ಹಿಂದಿನ ಸೀಟಿನಿಂದ ಉಪದೇಶಕ್ಕೆ, ದಾರಕ್ಕೆ ನಾನು. ನನ್ನ ಅರ್ಹತೆ ಏನೆಂದರೆ ನಾನು ತಮ್ಮ. ಆ ಆರು ವಾರ ಮಳೆ ಒಂದು ದಿನವೂ ರಜೆ ಹಾಕಲಿಲ್ಲ. ಅಕ್ಕ ಚೆನ್ನಾಗಿಯೇ ಓಡಿಸುತ್ತಿದ್ದಳು. ಆದರೆ ಹನ್ನೊಂದು ವರ್ಷ ಅದೇ ಕಾರಿನಲ್ಲಿ ಕೂತು ಕಲಿತ ಪಾಠ ಬಿಡುತ್ತದೆಯೇ? ಕ್ಲಚ್, ಗೇರು, ಬ್ರೇಕುಗಳ ಹಾಗೆ ಪಕ್ಕದವರನ್ನು ಗದರಿಸುವುದೂ ವಾಹನ ಚಾಲನೆಯ ಒಂದು ಅಂಗ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

"ಎಳಿಯೋ! ಏನ್ ಆಕಾಶ ನೋಡ್ತಿದ್ದೀಯ?"

"ಕೈ ನೋವು ಕಣೇ ಅಕ್ಕಾ."

"ಊಟಕ್ಕೆ ಕೂತಾಗ ನೋಯಲ್ವಲ್ಲ ಆ ಕೈ! ಎಳಿ. ಬಿಡು. ಒರೆಸು. ಅಲ್ಲಲ್ಲ, ನನ್ ಕಡೆ ಒರೆಸು!"

ಪರೀಕ್ಷೆ ಸಿಕ್ಕಿದ್ದು ಆ ಸೋಮವಾರದ ಹಿಂದಿನ ಶುಕ್ರವಾರ. ಸಾರಿಗೆ ಕಚೇರಿಯ ಅಂಗಳಕ್ಕೆ ಮಧ್ಯಾಹ್ನ ಎರಡಕ್ಕೆ ಹೋದೆವು. ಮಳೆ ನಮಗಿಂತ ಮೊದಲೇ ಬಂದು ಕಾಯುತ್ತಿತ್ತು. ಇನ್ಸ್‌ಪೆಕ್ಟರ್ ಎತ್ತರದ ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ಅದಕ್ಕಿಂತ ಗಟ್ಟಿಯಾಗಿ ಇಸ್ತ್ರಿ ಮಾಡಿದ ಮುಖ, ದಪ್ಪ ಕನ್ನಡಕ. ಅವರು ತಮ್ಮ ದೇಹವನ್ನು ಮೂರು ಮಡಿಕೆ ಮಾಡಿ ಪಕ್ಕದ ಸೀಟಿನಲ್ಲಿ ತುಂಬಿಸಿಕೊಂಡರು. ನಾನೂ ಭಾವನೂ ಜಗಲಿಯಲ್ಲಿ ನಿಂತೆವು. ಕಾರು ಹೊರಟಿತು. ಒಳಗೆ ನಡೆದದ್ದನ್ನು ಅಕ್ಕ ಆಮೇಲೆ ಹೇಳಿದಳು.

ಮೊದಲ ತಿರುವಿನ ಹೊತ್ತಿಗೆ ಗಾಜಿನ ಹೊರಗೆ ನೀರು, ಒಳಗೆ ಮಂಜು. ಅಕ್ಕ ಹೆದರಿದ್ದಳು, ಕಣ್ಣು ರಸ್ತೆಯ ಮೇಲಿತ್ತು, ಅಂದರೆ ರಸ್ತೆ ಇರಬೇಕಾದ ಕಡೆ ಇತ್ತು. ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಪೂರಾ ಮರೆತುಹೋಯಿತು. ಬಾಯಿ ತನಗೆ ಗೊತ್ತಿದ್ದ ಕೆಲಸ ಮಾಡಿತು.

"ಎಳಿಯೋ! ಏನ್ ಆಕಾಶ ನೋಡ್ತಿದ್ದೀಯ?"

ಇಪ್ಪತ್ತು ವರ್ಷದ ಸೇವೆಯಲ್ಲಿ ಆ ಮನುಷ್ಯನಿಗೆ ಯಾರೂ ಹೀಗೆ ಹೇಳಿರಲಿಕ್ಕಿಲ್ಲ. ಕಣ್ಣೆದುರು ದಾರ ತೂಗಾಡುತ್ತಿತ್ತು. ಎಳೆದರು.

"ಬಿಡು."

ಬಿಟ್ಟರು.

"ಒರೆಸು!"

ಅವರು ಗಡಿಬಿಡಿಯಲ್ಲಿ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

"ಅದಲ್ವೋ, ಗಾಜು!"

ಜಗಲಿಯಿಂದ ನಮಗೆ ಕಂಡದ್ದು ಇಷ್ಟು: ಕಾರು ಇಡೀ ಸುತ್ತನ್ನು ಸೊಗಸಾಗಿ ಮುಗಿಸಿತು, ವೈಪರು ತಾಳ ತಪ್ಪದೆ ಆಡಿತು. "ನೋಡಿದ್ಯಾ," ಎಂದರು ಭಾವ ಹೆಮ್ಮೆಯಿಂದ, "ನಿನಗಿಂತ ಚೆನ್ನಾಗಿ ಎಳೀತಾರೆ."

ಕಾರು ನಿಂತ ಮೇಲೆ ಅಕ್ಕ ಪಕ್ಕಕ್ಕೆ ತಿರುಗಿ ನೋಡಿದಳು. ಇನ್ಸ್‌ಪೆಕ್ಟರರ ಅಂಗಿಯ ತೋಳು ಮೊಣಕೈಯವರೆಗೆ ಒದ್ದೆ.

"ಸಾರ್... ತಮ್ಮ ಅಂದ್ಕೊಂಡು..."

"ಗೊತ್ತಾಯ್ತು," ಎಂದರು ಅವರು, ದಾರವನ್ನು ಮೆಲ್ಲನೆ ಕೆಳಗಿಟ್ಟು. "ನೋಡಿ ಅಮ್ಮ, ಗಾಡಿ ಚೆನ್ನಾಗೇ ಓಡಿಸಿದ್ರಿ. ಆದ್ರೆ ನೀವೊಬ್ರೇ ಓಡಿಸಲಿಲ್ಲ, ನಾನೂ ಓಡಿಸಿದೆ. ಇಬ್ರಿಗೆ ಸೇರಿಸಿ ಒಂದು ಲೈಸೆನ್ಸ್ ಕೊಡೋ ನಿಯಮ ಇಲ್ಲ. ನಾಲ್ಕು ಗಂಟೆವರೆಗೆ ಇಲ್ಲೇ ಇರ್ತೀನಿ. ತನ್ನ ಗಾಜು ತಾನೇ ಒರೆಸ್ಕೊಳ್ಳೋ ಗಾಡಿ ತನ್ನಿ, ಇನ್ನೊಂದು ಸಲ ನೋಡೋಣ. ಇಲ್ಲಾಂದ್ರೆ ಮುಂದಿನ ತಿಂಗಳು."

ಮುಂದಿನ ತಿಂಗಳಿಗೆ ಆ ವ್ಯಾನಿನಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಅದು ನಮ್ಮ ಮೂವರಿಗೂ ಗೊತ್ತಿತ್ತು. ಮೂವರಲ್ಲಿ ಇಬ್ಬರ ಮುಖ ಬಾಡಿತು. ಮೂರನೆಯವರು ಹೇಳಿದರು, "ಹೋಗ್ಲಿ ಬಿಡು. ಬೇಸಿಗೇಲಿ ಆರಾಮಾಗಿ ಬರೋಣ."

ರಸ್ತೆಯ ಆಚೆ ಒಂದು ತಗಡಿನ ಗ್ಯಾರೇಜ್ ಇತ್ತು. ಅಕ್ಕ ಕೊಡೆ ಕೂಡ ತೆಗೆದುಕೊಳ್ಳದೆ ದಾಟಿ ಹೋದಳು. ಬರುವಾಗ ಹಿಂದೆ ಮೆಕ್ಯಾನಿಕ್ ಇದ್ದ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಕುಳ್ಳ ಮನುಷ್ಯ. ಅವನು ದಾರ, ಟ್ಯೂಬು ಎರಡನ್ನೂ ಹಿಡಿದು ನೋಡಿ, ಮ್ಯೂಸಿಯಮ್ಮಿಗೆ ಬಂದವನ ಹಾಗೆ ಕೈ ಹಿಂದಕ್ಕೆ ಕಟ್ಟಿಕೊಂಡ.

"ಯಾರು ಮಾಡಿದ್ದು?"

"ನಾನೇ," ಎಂದರು ಭಾವ, ಹೊಗಳಿಕೆಗೆ ಎದೆ ಸಿದ್ಧಮಾಡಿಕೊಂಡು.

"ಎಷ್ಟು ದಿನ ಆಯ್ತು?"

"ಹನ್ನೊಂದು ವರ್ಷ."

ಮೆಕ್ಯಾನಿಕ್ ಬಾನೆಟ್ ಎತ್ತಿದ. ವೈಪರಿನ ಬುಡದ ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕಿದ. ಭಾವ ಓಡಿಬಂದು ಅದರ ಮೇಲೆ ಎರಡೂ ಕೈ ಇಟ್ಟರು. "ಬಿಚ್ಚಬೇಡಿ! ಬಿಚ್ಚಿದ್ರೆ ಮತ್ತೆ ಕೂಡಲ್ಲ ಅದು!"

"ರೀ," ಎಂದಳು ಅಕ್ಕ. ದನಿ ಏರಿಸಲಿಲ್ಲ, ಅದೇ ಭಯ ಹುಟ್ಟಿಸಿತು. "ಕಾರ್ ಬಿಚ್ಚಲಾ, ನನ್ ಬಾಯಿ ಬಿಚ್ಚಲಾ? ಯಾವುದು ಬೇಕು ನೀವೇ ಹೇಳಿ."

ಭಾವ ಕೈ ತೆಗೆದರು.

ಮುಚ್ಚಳದ ಕೆಳಗೆ ಮೋಟರು ದುಂಡಗೆ ಆರೋಗ್ಯವಾಗಿತ್ತು. ಅದರ ತೋಳಿಗೂ ವೈಪರಿನ ಸರಳಿಗೂ ನಡುವೆ ಇರಬೇಕಾಗಿದ್ದ, ಅಂಗಿಯ ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಬುಷ್ ಒಡೆದು ಬಿದ್ದುಹೋಗಿತ್ತು. ಹನ್ನೊಂದು ವರ್ಷ ಆ ಮೋಟರು ಯಾರ ಕೈಯನ್ನೂ ಹಿಡಿಯಲಾಗದೆ ಒಬ್ಬಂಟಿಯಾಗಿ ಕೈ ತಿರುಗಿಸುತ್ತಿತ್ತು. ಮೆಕ್ಯಾನಿಕ್ ದಾರ, ಟ್ಯೂಬು ಎರಡನ್ನೂ ಕಳಚಿಹಾಕಿ, ಹಳೆ ಬಿಸ್ಕತ್ತಿನ ಡಬ್ಬಿ ತರಿಸಿ, ಕಲಕಿ, ಒಂದು ಬುಷ್ ಹುಡುಕಿ, ಹೆಬ್ಬೆರಳಿನಿಂದ ಒತ್ತಿ ಟಕ್ ಎನ್ನಿಸಿದ. ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಹೊಕ್ಕು, ಗಾಳಿಯ ದಿಕ್ಕು ಬದಲಿಸುವ ಒಂದು ತಂತಿ ಕ್ಲಿಪ್ಪಿನಿಂದ ಕಳಚಿಕೊಂಡಿದ್ದನ್ನು ಮತ್ತೆ ಸಿಕ್ಕಿಸಿದ. ನೀರು ಇಳಿಯುವ ತೂತಿನಿಂದ ಒಂದು ಹಿಡಿ ಕೊಳೆತ ಎಲೆ ಎಳೆದು ಭಾವನ ಕಾಲ ಬಳಿ ಹಾಕಿದ. ಎಲ್ಲ ಸೇರಿ ಇಪ್ಪತ್ತೈದು ನಿಮಿಷ.

"ಇಷ್ಟೇ ಸಾರ್," ಎಂದ, ಕೈ ಒರೆಸಿಕೊಳ್ಳುತ್ತಾ. "ಮೊದಲೇ ಬಂದು ತೋರಿಸಬಾರ್ದಿತ್ತಾ?"

ಭಾವನ ಮುಖದಲ್ಲಿ ಆಗ ಮೂಡಿದ್ದನ್ನು ವರ್ಣಿಸಲು ನನ್ನ ಭಾಷೆ ಸಾಲದು. ಸಂತೋಷದಿಂದ ನೋಡಿದೆ ಎಂದಷ್ಟೇ ಹೇಳಬಲ್ಲೆ.

ಮೂರೂವರೆಗೆ ಇನ್ಸ್‌ಪೆಕ್ಟರ್ ಮತ್ತೆ ಮಡಿಕೆಯಾದರು. ಈ ಸಲ ಎರಡೂ ಕೈಗಳನ್ನು ಕಂಕುಳಲ್ಲಿ ಭದ್ರವಾಗಿಟ್ಟುಕೊಂಡಿದ್ದರು. ವೈಪರು ತನ್ನಷ್ಟಕ್ಕೆ ಅತ್ತಿತ್ತ ಹೋಯಿತು, ಗಾಜಿನ ಮಂಜು ಕೆಳಗಿನಿಂದ ಮೇಲಕ್ಕೆ ಕರಗಿತು. ಅಕ್ಕ ಸುತ್ತು ಮುಗಿಸುವವರೆಗೂ ತುಟಿ ಕಚ್ಚಿಕೊಂಡೇ ಇದ್ದಳಂತೆ, ಬಾಯಿಂದ ಒಂದು "ಎಳಿ" ಜಾರಿದರೂ ಕೆಲಸ ಹೋಯಿತೆಂದು. ಕೊನೆಯ ತಿರುವಿನಲ್ಲಿ ಇನ್ಸ್‌ಪೆಕ್ಟರೇ ಮೌನ ಮುರಿದರು: "ಉಸಿರಾಡಬಹುದು ಅಮ್ಮ, ಅದಕ್ಕೆ ಅಂಕ ಕಳೆಯಲ್ಲ."

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಕಾಗದಕ್ಕೆ ಮೊಹರು ಬಿತ್ತು. ಅಕ್ಕ ಅದನ್ನು ಅಲ್ಲೇ ಜಗಲಿಯಲ್ಲಿ ನಾಲ್ಕು ಸಲ ಓದಿದಳು. ಭಾವ ಈ ಸಲ ಏನೂ ಕೇಳಲಿಲ್ಲ.

ಸೋಮವಾರ ಹತ್ತಕ್ಕೆ ಅಕ್ಕ ಕೆಲಸಕ್ಕೆ ಸೇರಿದಳು. ವ್ಯಾನು ಭಾವನ ಕಾರಿನ ಎರಡರಷ್ಟು ಎತ್ತರ. ಒಳಗೆ ಎರಡೂ ಬದಿ ಕಪಾಟು, ಹಿಂಬಾಗಿಲ ಬಳಿ ಮಡಚುವ ಮೇಜು. ಭಾವ ಈಗ ಮಳೆಯಲ್ಲೂ ಒಬ್ಬರೇ ಅಂಗಡಿಗೆ ಹೋಗಬಹುದು, ಹೋಗುತ್ತಾರೆ. "ಏನ್ ಭಾವ, ಎಲ್ಲಾ ಸ್ಪಷ್ಟವಾಗಿ ಕಾಣ್ತಿದೆಯಾ?" ಎಂದು ಕೇಳಿದೆ. "ಕಾಣುತ್ತೆ," ಎಂದರು. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ದಾರೀಲಿ ಒಂದು ಮಾತಿಲ್ಲ ಕಥೆಯಿಲ್ಲ," ಎಂದರು. ಮೂರು ಶಬ್ದಗಳನ್ನು ಕಥೆ ಎಂದು ಕರೆಯುವ ಸಾಹಿತ್ಯಾಭಿರುಚಿ ಅವರಲ್ಲಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ವ್ಯಾನು ಬುಧವಾರ ಮಧ್ಯಾಹ್ನ ಒಂದರಿಂದ ಎರಡರವರೆಗೆ ಅಂಗಡಿಯ ಹಿಂದಿನ ರಸ್ತೆಯಲ್ಲಿ ನಿಲ್ಲುತ್ತದೆ. ಮೊದಲ ಬುಧವಾರ ಭಾವ ಅಂಗಡಿಗೆ ಬೀಗ ಹಾಕಿ ಹೋಗಿ ಸಾಲಿನಲ್ಲಿ ನಿಂತರು. ಮೇಜಿನ ಮುಂದೆ ಅವರ ಸರದಿ ಬಂದಾಗ ಅಕ್ಕ ತಲೆ ಎತ್ತಲಿಲ್ಲ.

"ಹೆಸರು?"

"ನಿಂಗೆ ಗೊತ್ತಿಲ್ವಾ?"

"ಫಾರಂನಲ್ಲಿ ಬರೀಬೇಕು ಸಾರ್. ವಿಳಾಸಕ್ಕೆ ಪುರಾವೆ?"

"ನಿನ್ನ ಮನೇನೇ ಕಣೇ!"

"ಪುರಾವೆ ಸಾರ್."

ಭಾವ ಮನೆಗೆ ಹೋಗಿ ಕರೆಂಟ್ ಬಿಲ್ಲು ತಂದು, ಮತ್ತೆ ಸಾಲಿನ ಕೊನೆಯಲ್ಲಿ ನಿಂತು ಸದಸ್ಯರಾದರು. ಅಕ್ಕ ತಾನೇ ಆರಿಸಿ ಏಳುನೂರು ಪುಟದ ಒಂದು ಕಾದಂಬರಿ ಕೊಟ್ಟಳು. ಗಡುವು ಹದಿನೈದು ದಿನ. ಭಾವ ಮುಂದಿನ ಬುಧವಾರವೇ ಪುಸ್ತಕ ಹಿಡಿದು ಹಾಜರಾದರು.

"ಓದಿ ಆಯ್ತಾ?"

"ಇಲ್ಲ. ಅವಧಿ ಮುಂದಕ್ಕೆ ಹಾಕಿಸ್ಕೊಳ್ಳೋಣ ಅಂತ ಬಂದೆ."

"ಇನ್ನೂ ಎಂಟು ದಿನ ಇದೆಯಲ್ಲ ಸಾರ್."

"ಗೊತ್ತು," ಎಂದರಂತೆ ಭಾವ.

ಅಕ್ಕ ಮೊದಲ ಸಲ ತಲೆ ಎತ್ತಿ ನೋಡಿದಳು. ಆಮೇಲೆ ವ್ಯಾನಿನ ಒಳಗಿದ್ದ ಸ್ಟೂಲನ್ನು ಕಾಲಿನಿಂದ ಇತ್ತ ಸರಿಸಿ, "ಪಕ್ಕದಲ್ಲಿ ಕೂತ್ಕೊಳ್ಳಿ," ಎಂದಳು, "ಹಿಂದಿನವರಿಗೆ ದಾರಿ ಬಿಡಿ."